ಶೇವಿಂಗ್ ಸ್ಟಿಕ್ಕಿನ ನೊರೆ ಅರ್ಧಕ್ಕೇ ಕುಸಿಯುತ್ತಿದೆ, ಬ್ರಷ್ ಬದಲಿಸಲಾ?

ಕಾಡುಗೋಡಿ_ಕಿಟ್ಟಿ:
ಎಲ್ಲರಿಗೂ ನಮಸ್ಕಾರ. ಕಾರ್ಟ್ರಿಡ್ಜುಗಳಿಗೆ ದುಡ್ಡು ಸುರಿದು ಸಾಕಾಗಿ ಈಚೆಗೆ ಸೇಫ್ಟಿ ರೇಜರ್‌ಗೆ ಬಂದವನು ನಾನು. ಹಂದಿ ಕೂದಲಿನ ಬ್ರಷ್, ಅಂಗಡಿಯಲ್ಲಿ ಸಿಕ್ಕಿದ್ದರಲ್ಲೇ ಅಗ್ಗದ ಒಂದು ಶೇವಿಂಗ್ ಸ್ಟಿಕ್ (ಮುಖಕ್ಕೇ ನೇರ ಉಜ್ಜೋ ಕಡ್ಡಿಯಾಕಾರದ ಶೇವಿಂಗ್ ಸೋಪು), ಇಷ್ಟೇ ಸರಂಜಾಮು. ಬ್ಲೇಡಿನ ಬಗ್ಗೆ ತಕರಾರಿಲ್ಲ. ತೊಂದರೆ ಎಲ್ಲ ನೊರೆಯದ್ದು. ಕೆನ್ನೆಗೆ ಸ್ಟಿಕ್ ಉಜ್ಜಿ ಬ್ರಷ್ ಆಡಿಸಿದರೆ ಮೊದಲಿಗೆ ಏನೋ ಬರುತ್ತೆ. ಬಲಗೆನ್ನೆ ಮುಗಿಸಿ ಎಡಗೆನ್ನೆಗೆ ಬರೋಷ್ಟರಲ್ಲಿ ಗುಳ್ಳೆಗಳೆಲ್ಲ ಒಡೆದು ತೆಳ್ಳಗಿನ ಬಿಳಿ ಪೊರೆಯಷ್ಟೇ ಉಳಿದಿರುತ್ತೆ. ಅದರ ಮೇಲೆ ರೇಜರ್ ಎಳೆದರೆ ಕರಕರ. ಬ್ರಷ್ ಎಷ್ಟು ತೊಳೆದರೂ ಬುಡದಲ್ಲಿ ಜಿಗುಟು ಹೋಗಲ್ಲ. ನೀರು ಜಾಸ್ತಿ ಹಾಕಿ ನೋಡಿದೆ, ಕಮ್ಮಿ ಹಾಕಿ ನೋಡಿದೆ, ಅಷ್ಟಕ್ಕಷ್ಟೆ. ಆಫೀಸಿನಲ್ಲಿ ಒಬ್ಬರು ಬ್ಯಾಜರ್ ಅನ್ನೋ ಪ್ರಾಣಿಯ ಕೂದಲಿನ ಬ್ರಷ್ ತಗೋ ಅಂತಾರೆ, ಇನ್ನೊಬ್ಬರು ಸ್ಟಿಕ್ ಬಿಸಾಕಿ ಕ್ರೀಮ್ ತಗೋ ಅಂತಾರೆ. ಯಾರ ಮಾತು ಕೇಳಲಿ?

ಗಾಂಧಿಬಜಾರ್_ಗಡ್ಡಪ್ಪ:
ಸದ್ಯಕ್ಕೆ ಇಬ್ಬರದೂ ಬೇಡ, ಜೇಬಿಗೆ ಕೈ ಹಾಕಬೇಡಿ. ಮೊದಲು ಇದು ಹೇಳಿ: ನಿಮ್ಮ ನಲ್ಲಿಯಲ್ಲಿ ಬರೋದು ಕಾವೇರಿನಾ, ಬೋರಾ, ಟ್ಯಾಂಕರಾ? ಆ ನೀರಲ್ಲಿ ತೊಗರಿಬೇಳೆ ಸರಿಯಾಗಿ ಬೇಯುತ್ತಾ?

ಕಾಡುಗೋಡಿ_ಕಿಟ್ಟಿ:
ಬೇಳೆಗೂ ಗಡ್ಡಕ್ಕೂ ಏನು ಸಂಬಂಧ ಸ್ವಾಮಿ? ಅಪಾರ್ಟ್‌ಮೆಂಟಿನ ಬೋರ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್. ಷವರಿನ ತೂತುಗಳಲ್ಲೆಲ್ಲ ಬಿಳಿ ಕಟ್ಟಿಕೊಂಡಿದೆ. ಬೇಳೆ ಅಂತೂ ಆ ನೀರಲ್ಲಿ ಬೇಯಲ್ಲ ಅಂತ ಅಮ್ಮ ಅಡುಗೆಗೆಲ್ಲ ಆರ್‌ಒ ನೀರೇ ಬಳಸೋದು.

ಗಾಂಧಿಬಜಾರ್_ಗಡ್ಡಪ್ಪ:
ಅಮ್ಮ ಆಗಲೇ ಟೆಸ್ಟ್ ಮಾಡಿ ಮುಗಿಸಿದ್ದಾರೆ. ನಿಮ್ಮದು ಗಡಸು ನೀರು. ಬೇಳೆ ಬೇಯದಿರೋದಕ್ಕೂ ನೊರೆ ನಿಲ್ಲದಿರೋದಕ್ಕೂ ಆರೋಪಿ ಒಬ್ಬನೇ, ಕ್ಯಾಲ್ಸಿಯಂ. ಜತೆಗೆ ಮೆಗ್ನೀಸಿಯಂ. ಬೆಂಗಳೂರಿನ ಬೋರ್ ನೀರು ಗ್ರಾನೈಟ್, ನೈಸ್ ಬಂಡೆಗಳ ಬಿರುಕಿನಲ್ಲಿ ನಿಂತು ಬರೋದು, ಬರುವಾಗ ಇವೆರಡನ್ನೂ ಕರಗಿಸಿಕೊಂಡೇ ಬರುತ್ತೆ.

ಸೋಪು ಅಂದರೆ ಕೊಬ್ಬಿನ ಆಮ್ಲಗಳ ಸೋಡಿಯಂ ಅಥವಾ ಪೊಟ್ಯಾಸಿಯಂ ಲವಣ. ಶೇವಿಂಗ್ ಸೋಪಿನಲ್ಲಿ ಸ್ಟಿಯರಿಕ್ ಆಮ್ಲದ ಪಾಲು ಹೆಚ್ಚು, ನೊರೆ ದಟ್ಟವಾಗಿ ಮುಖದ ಮೇಲೆ ನಿಲ್ಲೋದು ಅದರಿಂದಲೇ. ಪೊಟ್ಯಾಸಿಯಂ ಇರೋದರಿಂದ ಸೋಪು ನೀರಿಗೆ ಬೇಗ ಬಿಟ್ಟುಕೊಳ್ಳುತ್ತೆ. ಗಡಸು ನೀರು ತಗುಲಿದ ಕೂಡಲೇ ಸ್ಟಿಯರೇಟು ಕ್ಯಾಲ್ಸಿಯಂ ಜತೆ ಸೇರಿ ಕ್ಯಾಲ್ಸಿಯಂ ಸ್ಟಿಯರೇಟ್ ಆಗಿಬಿಡುತ್ತೆ. ಅದು ನೀರಲ್ಲಿ ಕರಗಲ್ಲ, ನೊರೆಯನ್ನೂ ಕೊಡಲ್ಲ. ನಿಮ್ಮ ಬ್ರಷ್ಷಿನ ಬುಡದ ಜಿಗುಟು ಅದೇ, ಸ್ನಾನದ ಬಕೆಟ್ಟಿನ ಒಳಗೆ ಬೂದುಬಣ್ಣದ ಗೆರೆ ಇದ್ದರೆ ಅದೂ ಅದೇ. ಉಜ್ಜಿದ ಸೋಪಿನಲ್ಲಿ ಒಂದಷ್ಟು ಹೀಗೆ ಕಂದಾಯ ಕಟ್ಟಿ ಉಳಿದದ್ದು ಮಾತ್ರ ನೊರೆಗೆ ಸಿಗುತ್ತೆ. ನೀವು ನೀರು ಜಾಸ್ತಿ ಹಾಕಿದಾಗ ಕ್ಯಾಲ್ಸಿಯಮ್ಮನ್ನೂ ಜಾಸ್ತಿ ಹಾಕಿದಿರಿ.

ಬ್ರಷ್ ಬದಲಿಸಿದರೂ ನೀರು ಅದೇ. ಬ್ರಷ್ಷಿಗೆ ಹಚ್ಚೋ ಕ್ರೀಮೂ ಬಹುಪಾಲು ಸೋಪೇ, ಅದಕ್ಕೂ ಇದೇ ಗತಿ. ಡಬ್ಬಿಯ ಫೋಮು ಬಚಾವಾಗೋದು ಯಾಕೆ ಅಂದರೆ ಅದಕ್ಕೆ ಬೇಕಾದ ನೀರು ಫ್ಯಾಕ್ಟರಿಯಲ್ಲೇ ಸೇರಿರುತ್ತೆ.

ನಾಳೆ ಬೆಳಗ್ಗೆ ಒಂದು ಚೊಂಬು ಆರ್‌ಒ ನೀರು ಬೆಚ್ಚಗೆ ಮಾಡಿಕೊಳ್ಳಿ. ಬ್ರಷ್ ನೆನೆಸೋದು, ಮುಖ ಒದ್ದೆ ಮಾಡೋದು, ನೊರೆ ಕಟ್ಟೋದು ಎಲ್ಲ ಅದರಲ್ಲೇ. ನಲ್ಲಿ ನೀರಲ್ಲಿ ಮುಖ ತೊಳೆದು ಆಮೇಲೆ ಆರ್‌ಒ ನೀರು ಹಚ್ಚಿದರೆ ಪರೀಕ್ಷೆ ಕೆಡುತ್ತೆ. ಬೇರೆ ಏನನ್ನೂ ಬದಲಿಸಬೇಡಿ, ಇದೇ ಸ್ಟಿಕ್, ಇದೇ ಬ್ರಷ್.

ಟಿಡಿಎಸ್_ತಿಮ್ಮ:
ಅಷ್ಟೆಲ್ಲ ಯಾಕೆ, ಟಿಡಿಎಸ್ ಮೀಟರ್ ಅದ್ದಿದರೆ ಗೊತ್ತಾಗುತ್ತಲ್ಲ. ನಮ್ಮ ಬ್ಲಾಕಿನಲ್ಲಿ ಎಲ್ಲರ ಮನೇಲೂ ಒಂದಿದೆ.

ಗಾಂಧಿಬಜಾರ್_ಗಡ್ಡಪ್ಪ:
ಆ ಮೀಟರ್ ನೀರಿನ ವಿದ್ಯುತ್ ವಾಹಕತೆ ಅಳೆದು, ಕರಗಿದ ಲವಣವೆಲ್ಲ ಸೇರಿ ಇಷ್ಟಿರಬಹುದು ಅಂತ ಅಂದಾಜು ಹೇಳುತ್ತೆ. ಅದರಲ್ಲಿ ಕ್ಯಾಲ್ಸಿಯಂ ಎಷ್ಟು, ಅಡುಗೆ ಉಪ್ಪೆಷ್ಟು ಅಂತ ಅದಕ್ಕೆ ಗೊತ್ತಿಲ್ಲ. ಸಾಫ್ಟ್‌ನರ್ ಇರೋ ಮನೆಯಲ್ಲಿ ಕ್ಯಾಲ್ಸಿಯಂ ಹೋಗಿ ಸೋಡಿಯಂ ಬಂದಿರುತ್ತೆ, ನೊರೆ ಚೆನ್ನಾಗಿ ಬರುತ್ತೆ, ಮೀಟರ್ ಮಾತ್ರ ಹೆಚ್ಚುಕಮ್ಮಿ ಹಳೇ ನಂಬರನ್ನೇ ತೋರಿಸ್ತಾ ಕೂತಿರುತ್ತೆ. ಗಡಸುತನವೇ ಬೇಕು ಅಂದರೆ ಹನಿ ಹಾಕಿ ಬಣ್ಣ ನೋಡೋ ಕಿಟ್ ಸಿಗುತ್ತೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 600ರವರೆಗೂ ಒಪ್ಪಿಗೆ ಇದೆ. ಅದು ಕುಡಿಯೋಕೆ. 200 ದಾಟೋದಕ್ಕೆ ಮುಂಚೆಯೇ ಸೋಪು ಗೊಣಗೋಕೆ ಶುರುಮಾಡಿರುತ್ತೆ.

ಸಂಪಿಗೆರಸ್ತೆ_ಸಂಜು:
ನೀರು ಕುದಿಸಿ ಆರಿಸಿದರೆ ಸಾಕು ಅಂತ ನಮ್ಮ ತಾತ ಹೇಳೋರು. ತಾತ ಗಡ್ಡಕ್ಕೂ ಮೈಸೂರ್ ಸ್ಯಾಂಡಲ್ಲೇ ಹಚ್ಚಿಕೊಳ್ತಿದ್ದರು, ಅದು ಬೇರೆ ವಿಷಯ.

ಗಾಂಧಿಬಜಾರ್_ಗಡ್ಡಪ್ಪ:
ತಾತ ಅರ್ಧ ಸರಿ. ಬೈಕಾರ್ಬೊನೇಟ್ ರೂಪದ ಗಡಸುತನ ಕುದಿಸಿದರೆ ಸುಣ್ಣದಕಲ್ಲಾಗಿ ತಳಕ್ಕೆ ಕೂರುತ್ತೆ, ಗೀಸರ್ ಕಾಯಿಲ್ ಮೇಲೆ ಕಟ್ಟೋದೂ ಅದೇ. ಕುದಿಸಿ, ತಣಿಸಿ, ಕದಡದೆ ಮೇಲಿನ ನೀರು ಬಗ್ಗಿಸಿಕೊಂಡರೆ ಖಂಡಿತ ಸುಧಾರಿಸುತ್ತೆ. ಸಲ್ಫೇಟ್, ಕ್ಲೋರೈಡ್ ರೂಪದಲ್ಲಿರೋದು ಕುದಿಸಿದರೂ ಹೋಗಲ್ಲ. ಇನ್ನು ಮೈಸೂರ್ ಸ್ಯಾಂಡಲ್: 1916ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಸೋಪ್ ಫ್ಯಾಕ್ಟರಿಯ ಕೂಸು, ಆ ಪರಿಮಳಕ್ಕೆ ಸಾಟಿ ಇಲ್ಲ, ಆದರೆ ಅದು ಸ್ನಾನದ ಸೋಪು. ಸ್ನಾನದ ಸೋಪುಗಳ ನೊರೆ ದೊಡ್ಡ ಗುಳ್ಳೆಯದ್ದು, ಮುಖದ ಮೇಲೆ ಬೇಗ ಆರುತ್ತೆ.

ಕಾಡುಗೋಡಿ_ಕಿಟ್ಟಿ:
ಆರ್‌ಒ ನೀರಲ್ಲಿ ಮಾಡಿ ನೋಡಿದೆ. ಅದೇ ಸ್ಟಿಕ್ ಅಂದರೆ ನಂಬಿಕೆ ಬರಲ್ಲ! ಎರಡನೇ ಸುತ್ತಿಗೂ ನೊರೆ ಹಾಗೇ ಇತ್ತು. ಆದರೆ ಈಗ ಇನ್ನೊಂದು: ಕೆನ್ನೆ ನುಣ್ಣಗೆ ಬರ್ತಿದೆ, ದವಡೆಯ ಕೆಳಗೆ ಕತ್ತಿನ ಹತ್ತಿರ ಮಾತ್ರ ನೊರೆ ತೆಳು, ಉರಿ ಬೇರೆ. ಮತ್ತೆ ಬ್ರಷ್ಷೇ ಸೋಪೆಲ್ಲ ಕುಡಿದುಬಿಡುತ್ತೇನೋ ಅನ್ನಿಸುತ್ತೆ.

ಗಾಂಧಿಬಜಾರ್_ಗಡ್ಡಪ್ಪ:
ಸ್ಟಿಕ್ ಹೇಗೆ ಉಜ್ಜುತ್ತೀರಿ, ಯಾವ ದಿಕ್ಕಿಗೆ? ಬ್ರಷ್ ಎಷ್ಟು ಒದ್ದೆ ಇರುತ್ತೆ?

ಕಾಡುಗೋಡಿ_ಕಿಟ್ಟಿ:
ಮೇಲಿಂದ ಕೆಳಗೆ, ಕೆನ್ನೆ ಗದ್ದಕ್ಕೆ. ಕತ್ತಿಗೆ ಬ್ರಷ್ಷಿನಲ್ಲಿ ಉಳಿದದ್ದೇ ಬಳಿಯೋದು. ಬ್ರಷ್ ನೀರಲ್ಲಿ ಅದ್ದಿ ಹಾಗೇ ತರ್ತೀನಿ.

ಗಾಂಧಿಬಜಾರ್_ಗಡ್ಡಪ್ಪ:
ಸ್ಟಿಕ್ಕಿನ ಕೆಲಸ ಅರ್ಥವಾಗೋದು ಇಲ್ಲೇ. ಬಟ್ಟಲು ಸೋಪಾದರೆ ಬ್ರಷ್ಷಿಗೆ ಸೋಪು ತುಂಬಿಸಿಕೊಂಡು ಮುಖಕ್ಕೆ ತರ್ತೀವಿ. ಸ್ಟಿಕ್ಕಿನಲ್ಲಿ ಹಾಗಲ್ಲ, ಸೋಪಿನ ದಾಸ್ತಾನು ನಿಮ್ಮ ಗಡ್ಡದ ಮೇಲೇ ಇರಬೇಕು. ಎಲ್ಲಿ ಉಜ್ಜಿಲ್ಲವೋ ಅಲ್ಲಿಗೆ ಬ್ರಷ್ ಹೆಚ್ಚೇನೂ ತಂದುಕೊಡಲ್ಲ. ಚಿಗುರು ಗಡ್ಡದ ದಿಕ್ಕಿಗೆ ಉಜ್ಜಿದರೆ ಸ್ಟಿಕ್ ಜಾರಿಕೊಂಡು ಹೋಗುತ್ತೆ. ಎದುರು ದಿಕ್ಕಿಗೆ ಉಜ್ಜಿದರೆ ಕೂದಲೇ ತುರಿಮಣೆಯಾಗಿ ಸೋಪನ್ನು ಹೆರೆದುಕೊಳ್ಳುತ್ತೆ. ಕತ್ತಿನಲ್ಲಿ ಕೂದಲು ಬಹಳ ಜನಕ್ಕೆ ಅಡ್ಡಡ್ಡ ಬೆಳೆದಿರುತ್ತೆ, ಕೆಲವರಿಗೆ ಕೆಳಗಿಂದ ಮೇಲಕ್ಕೂ. ಒಂದು ದಿನದ ಗಡ್ಡ ಬಿಟ್ಟು ಬೆರಳಾಡಿಸಿ ನೋಡಿ, ಒರಟು ಹತ್ತೋ ದಿಕ್ಕೇ ಸ್ಟಿಕ್ಕಿನ ದಿಕ್ಕು. ಮುಖ ಒದ್ದೆ ಇರಬೇಕು, ತೊಟ್ಟಿಕ್ಕುತ್ತಿರಬಾರದು. ಉಜ್ಜಿ ಮುಗಿಸಿದಾಗ ಗಡ್ಡದ ತುಂಬ ಬಿಳಿ ಲೇಪ ಕಣ್ಣಿಗೆ ಕಾಣಬೇಕು.

ಹಂದಿ ಕೂದಲಿನ ಬ್ರಷ್ ಕೆಲವು ನಿಮಿಷ ನೆನೆಯಬೇಕು, ಅದು ನೀರು ಹೀರೋ ಕೂದಲು. ಹೊಸದರಲ್ಲಿ ತುದಿ ಬಿರುಸು, ಬಳಸ್ತಾ ಬಳಸ್ತಾ ತುದಿ ಸೀಳಿ ಮೆತ್ತಗಾಗುತ್ತೆ. ನೆನೆದ ಮೇಲೆ ಚೆನ್ನಾಗಿ ಕೊಡವಿ. ತೇವ ಸಾಕು. ಸುತ್ತಿ ಸುತ್ತಿ ಆಡಿಸುವಾಗ ಮೊದಲು ಅಂಟಂಟಾಗಿ ಪೇಸ್ಟಿನ ಹಾಗೆ ಬರುತ್ತೆ, ಇಲ್ಲಿ ಗಾಬರಿಯಾಗಿ ಬ್ರಷ್ ಪೂರ್ತಿ ಅದ್ದಬೇಡಿ. ತುದಿಯಷ್ಟೇ ನೀರಿಗೆ ಮುಟ್ಟಿಸಿ ಮತ್ತೆ ಆಡಿಸಿ. ಮಂಕಾಗಿದ್ದ ನೊರೆ ಒಂದು ಘಟ್ಟದಲ್ಲಿ ಹೊಳಪು ಪಡೆದು ಬ್ರಷ್ ಸರಾಗ ಓಡೋಕೆ ಶುರುವಾಗುತ್ತೆ. ಅಲ್ಲಿಗೆ ನಿಲ್ಲಿಸಿ. ಕಣ್ಣಿಗೆ ಕಾಣುವಷ್ಟು ಗುಳ್ಳೆ ಎದ್ದರೆ ನೀರು ಮಿತಿ ಮೀರಿದೆ ಅಂತ, ಆಗ ಸ್ಟಿಕ್ಕನ್ನೇ ಇನ್ನೊಮ್ಮೆ ಆ ಜಾಗಕ್ಕೆ ಎಳೆದರಾಯ್ತು.

ಉರಿ ನೊರೆಯೊಂದರಿಂದಲೇ ಅಂತ ನನಗನ್ನಿಸಲ್ಲ. ಕಾರ್ಟ್ರಿಡ್ಜಿನಿಂದ ಬಂದವರು ಒತ್ತಿ ಎಳೆಯೋ ಅಭ್ಯಾಸ ಬಿಟ್ಟಿರಲ್ಲ. ಹಿಡಿಯನ್ನು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಲ್ಲಿಟ್ಟು ರೇಜರಿನ ಭಾರಕ್ಕೇ ಬಿಡಿ. ಕತ್ತಿಗೆ ವಾರದ ಮಟ್ಟಿಗೆ ಕೂದಲ ದಿಕ್ಕಿನಲ್ಲಿ ಮಾತ್ರ, ಎದುರು ಬೇಡ.

ಬನಶಂಕರಿ_ಬ್ಲೇಡ್:
ನಡುವೆ ಬಾಯಿ ಹಾಕ್ತೀನಿ, ನಮ್ಮದು ಶುದ್ಧ ಸಸ್ಯಾಹಾರಿ ಮನೆ. ಎಲ್ಲರೂ ಹೊಗಳೋ ಆರ್ಕೊ ಸ್ಟಿಕ್ಕಿನಲ್ಲಿ ದನದ ಕೊಬ್ಬು ಇರುತ್ತಂತೆ, ನಿಜವಾ?

ಗಾಂಧಿಬಜಾರ್_ಗಡ್ಡಪ್ಪ:
ಆರ್ಕೊ ಟರ್ಕಿ ದೇಶದ್ದು, ಎವ್ಯಾಪ್ ಕಂಪನಿಯ ಸ್ಟಿಕ್. ಟ್ಯಾಲೋ ಆಧಾರದ ಸೋಪು ಅಂತಲೇ ಅದರ ಹೆಸರು. ಟ್ಯಾಲೋ ಅಂದರೆ ಸಾಮಾನ್ಯವಾಗಿ ದನ ಅಥವಾ ಕುರಿಯ ಕೊಬ್ಬು. ಯಾವುದೇ ಸ್ಟಿಕ್ ಆಗಲಿ ಲೇಬಲ್ ಓದಿ: ಟ್ಯಾಲೋವೇಟ್ ಅಂತಿದ್ದರೆ ಪ್ರಾಣಿಯದ್ದು, ಪಾಮೇಟ್ ಇದ್ದರೆ ತಾಳೆಎಣ್ಣೆ, ಕೊಕೊಯೇಟ್ ಇದ್ದರೆ ಕೊಬ್ಬರಿ ಎಣ್ಣೆ. ಬರೀ ಸ್ಟಿಯರಿಕ್ ಆಸಿಡ್ ಅಂತಿದ್ದರೆ ಎರಡು ಮೂಲದ್ದೂ ಇರಬಹುದು, ಕಂಪನಿಯನ್ನೇ ಕೇಳಬೇಕು. ಅದೇ ಪಟ್ಟಿಯಲ್ಲಿ ಇಡಿಟಿಎ ಕಂಡರೆ ಬೋರ್ ನೀರಿನವರಿಗೆ ಲಾಭ, ಅದು ಕ್ಯಾಲ್ಸಿಯಮ್ಮನ್ನು ಒಂದಷ್ಟು ಕಟ್ಟಿಹಾಕುತ್ತೆ.

ಕಾಡುಗೋಡಿ_ಕಿಟ್ಟಿ:
ಕತ್ತಿನದೂ ಸರಿಹೋಯ್ತು, ಎದುರು ದಿಕ್ಕಿಗೆ ಉಜ್ಜಿದ್ದೇ ಮುಖ್ಯ ಅನ್ನಿಸುತ್ತೆ. ಇನ್ನು ದಿನಾ ಆರ್‌ಒ ನೀರು ಕದ್ದರೆ ಅಮ್ಮ ಬಿಡಲ್ಲ. ಮನೆಗೆ ಸಾಫ್ಟ್‌ನರ್ ಹಾಕಿಸಲಾ?

ಟಿಡಿಎಸ್_ತಿಮ್ಮ:
ಮಳೆನೀರು ಹಿಡೀರಿ. ನಮ್ಮ ಟೆರೇಸಿನ ಪೈಪಿನಿಂದ ಮೊದಲ ಮಳೆ ಹರಿಯೋಕೆ ಬಿಟ್ಟು ಆಮೇಲಿಂದು ಕ್ಯಾನಿಗೆ ತುಂಬಿಸ್ತೀವಿ. ಮಳೆನೀರಲ್ಲಿ ಗಡಸುತನ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ.

ಗಾಂಧಿಬಜಾರ್_ಗಡ್ಡಪ್ಪ:
ತಿಮ್ಮಣ್ಣ ಹೇಳಿದ್ದು ಒಳ್ಳೇ ದಾರಿ. ಗಡ್ಡಕ್ಕೋಸ್ಕರ ಸಾಫ್ಟ್‌ನರ್ ಅಂದರೆ ಅತಿಯಾಯ್ತು, ಗೀಸರ್, ವಾಷಿಂಗ್ ಮೆಷೀನ್ ಲೆಕ್ಕ ಹಾಕಿದರೆ ಬೇರೆ ಮಾತು. ನೊರೆಗೆ ಬೇಕಾಗೋದು ದೊಡ್ಡ ಲೋಟದಷ್ಟು ನೀರು. ರೇಜರ್ ಜಾಲಿಸೋದು, ಕೊನೆಗೆ ಮುಖ ತೊಳೆಯೋದು ನಲ್ಲಿಯಲ್ಲೇ ಮಾಡಿ. ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆ ಆಗಿದೆ, ಬೆಂಗಳೂರು ನಗರಕ್ಕೆ ಸೇರಿಸಿದ 110 ಹಳ್ಳಿಗಳ ಭಾಗಕ್ಕೆ ಅಂತ ದಿನಕ್ಕೆ 775 ದಶಲಕ್ಷ ಲೀಟರಿನ ಯೋಜನೆ. ನಿಮ್ಮ ಅಪಾರ್ಟ್‌ಮೆಂಟಿಗೆ ಕನೆಕ್ಷನ್ ಯಾವಾಗ ಅಂತ ಅಸೋಸಿಯೇಷನ್ ಮೀಟಿಂಗಿನಲ್ಲಿ ಕೇಳಿ.

ಬ್ರಷ್ಷಿನ ಹಳೇ ಜಿಗುಟು ಬರೀ ನೀರಿಗೆ ಬಿಡಲ್ಲ. ಉಗುರುಬೆಚ್ಚಗಿನ ನೀರಿಗೆ ಒಂದೆರಡು ಚಮಚ ಬಿಳಿ ವಿನೆಗರ್ ಹಾಕಿ, ಕೂದಲು ಮಾತ್ರ ಮುಳುಗುವ ಹಾಗೆ ಐದು ನಿಮಿಷ ಇಡಿ, ಹಿಡಿಯ ಅಂಟಿಗೆ ತಾಗದಿರಲಿ. ಆಮೇಲೆ ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ಹನಿ ಹಾಕಿ ತಿಕ್ಕಿ ಜಾಲಿಸಿ, ಕೊಡವಿ, ಗಾಳಿಗಿಡಿ. ಸ್ಟಿಕ್ಕನ್ನೂ ಒದ್ದೆಯಿದ್ದಾಗ ಮುಚ್ಚಳ ಹಾಕಬೇಡಿ, ಮಳೆಗಾಲದಲ್ಲಿ ತಲೆ ಕೊಳೆತ ಹಾಗಾಗುತ್ತೆ. ಮುಗೀತಾ ಬಂದ ತುಂಡನ್ನು ತುರಿದು ಸಣ್ಣ ಸ್ಟೀಲ್ ಬಟ್ಟಲಿಗೆ ಒತ್ತಿಟ್ಟುಕೊಂಡರೆ ಕೊನೇ ಚೂರೂ ಹಾಳಾಗಲ್ಲ.