ಅಪ್‌ಡೇಟ್: ಮೆಲ್ಬೋರ್ನ್ ಪಾರ್ಸೆಲ್ ಕೇಸು, ಶಿಕ್ಷೆ ಆಯ್ತು

ಆಸ್ಟ್ರೇಲಿಯಾದಲ್ಲಿ ಪಿಆರ್ (ಅಲ್ಲೇ ಕಾಯಂ ಇರೋಕೆ ಅನುಮತಿ) ಇದ್ದವರನ್ನೂ ಗಡೀಪಾರು ಮಾಡ್ತಾರಾ ಅಂತ ಕೇಳಿದ್ದೆ. ಭಾವನ ತಮ್ಮ ಪಾರ್ಸೆಲ್‌ನಲ್ಲಿ ಕೊಕೇನ್ ತರಿಸಿ ಸಿಕ್ಕಿಬಿದ್ದಿದ್ದ.

ಮಾಡ್ತಾರೆ. ಪೌರತ್ವ ಸಿಗುವವರೆಗೂ ಪಿಆರ್ ಒಂದು ವೀಸಾ ಅಷ್ಟೇ.

ಅಲ್ಲಿ 2 ಗ್ರಾಂ ಶುದ್ಧ ಕೊಕೇನ್ ತರಿಸಿದರೂ ಗರಿಷ್ಠ ಶಿಕ್ಷೆ 25 ವರ್ಷ, 2 ಕಿಲೋ ಆದರೆ ಜೀವಾವಧಿ. ಇವನು ಮೊದಲೇ ತಪ್ಪೊಪ್ಪಿಕೊಂಡಿದ್ದ, ನಾಲ್ಕು ವರ್ಷ ಚಿಲ್ಲರೆಗೆ ಮುಗಿಯಿತು. ವಕೀಲರು ಗಡೀಪಾರಿನ ಭಯವನ್ನೂ ವಾದದಲ್ಲಿ ತಂದರು. ಜೈಲಲ್ಲಿ ಕೂತು 'ಹೊರಗೆ ಹೋದ ಮೇಲೆ ಇಲ್ಲಿರೋಕೆ ಬಿಡ್ತಾರಾ' ಅಂತ ಕೊರಗುವುದೂ ಒಂದು ಹೊರೆ ಅಂತ ಮೆಲ್ಬೋರ್ನ್ ಇರುವ ವಿಕ್ಟೋರಿಯಾ ರಾಜ್ಯದ ಮೇಲ್ಮನವಿ ಕೋರ್ಟು 2010ರ ಗೂಡೆನ್ ಕೇಸಿನಲ್ಲೇ ಒಪ್ಪಿದೆ. ಪಕ್ಕದ ನ್ಯೂ ಸೌತ್ ವೇಲ್ಸ್‌ನಲ್ಲಿ ಮಾತ್ರ ಹಳೇ ತೀರ್ಪುಗಳು, ಗಡೀಪಾರು ಸರ್ಕಾರದ ಕೆಲಸ, ನಮಗೆ ಸಂಬಂಧವಿಲ್ಲ ಅನ್ನುತ್ತವೆ. ಒಂದೇ ದೇಶ, ಎರಡು ನ್ಯಾಯ, ವಿಚಿತ್ರ ಅಲ್ವಾ?

ಜಡ್ಜ್ ಗಡೀಪಾರಿನ ಆದೇಶ ಕೊಡಲಿಲ್ಲ, ಅದು ಅವರ ಕೆಲಸವೂ ಅಲ್ಲ. 12 ತಿಂಗಳು ಅಥವಾ ಜಾಸ್ತಿ ಶಿಕ್ಷೆಯಾಗಿ ಜೈಲಲ್ಲಿದ್ದರೆ ವೀಸಾ ರದ್ದು ಮಾಡಲೇಬೇಕು ಅಂತ ವಲಸೆ ಕಾಯ್ದೆಯ 501ನೇ ಸೆಕ್ಷನ್ ಹೇಳುತ್ತೆ. ರದ್ದಾದ ಪತ್ರ ಜೈಲಿಗೇ ಬಂತು. ವೀಸಾ ವಾಪಸ್ ಕೊಡಿ ಅಂತ ಕೇಳಲು 28 ದಿನ. ಅಧಿಕಾರಿ ಒಪ್ಪದಿದ್ದರೆ ಅದನ್ನು ಮರುಪರಿಶೀಲಿಸುವ ಟ್ರಿಬ್ಯೂನಲ್‌ಗೆ ಹೋಗಲು ಬರೀ 9 ದಿನ.

ಅವನ ಮಗಳು ಅಲ್ಲೇ ಹುಟ್ಟಿದವಳು. ಅವಳ ಸ್ಕೂಲಿನ ಪತ್ರ, ಅತ್ತಿಗೆಯ ಹೇಳಿಕೆ ಎಲ್ಲ ಸೇರಿಸಿ ಅರ್ಜಿ ಹಾಕಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.