ಟಿ.ಎ. ಪೈ ಬಗ್ಗೆ ಕಾಮರ್ಸ್ ಮಕ್ಕಳಿಗೆ ಏನು ಹೇಳ್ಬೇಕು? ಗೊತ್ತಿರೋರು ದಯವಿಟ್ಟು ಬರೀರಿ

ತುಂಗಾತೀರ:

ಎಲ್ರಿಗೂ ನಮಸ್ಕಾರ. ನಾನು ಶಿವಮೊಗ್ಗ ಕಡೆ ಒಂದು ಕಾಲೇಜಲ್ಲಿ ಕಾಮರ್ಸ್ ಪಾಠ ಮಾಡ್ತೀನಿ. ನಮ್ಮಲ್ಲಿ ಒಂದು ಕಾರ್ಯಕ್ರಮ ಇದೆ, ಒಬ್ಬೊಬ್ಬ ಮೇಷ್ಟ್ರು ನಮ್ಮ ರಾಜ್ಯದ ಒಬ್ಬ ಉದ್ಯಮಿ ಬಗ್ಗೆ ಮಕ್ಕಳ ಜೊತೆ ಒಂದು ತಾಸು ಮಾತಾಡ್ಬೇಕು, ನಾನು ಟಿ.ಎ. ಪೈ ಅವರನ್ನ ಆರಿಸ್ಕೊಂಡಿದೀನಿ. ಈಗ ಕೂತು ನೋಟ್ಸ್ ಮಾಡೋಕೆ ಹೊರಟ್ರೆ ಸಿಗ್ತಾ ಇರೋದೆಲ್ಲ ಹುದ್ದೆಗಳ ಪಟ್ಟಿ. 1922ರಲ್ಲಿ ಉಡುಪಿಯಲ್ಲಿ ಹುಟ್ಟಿದ್ರು, ಸಿಂಡಿಕೇಟ್ ಬ್ಯಾಂಕ್ ನಡೆಸಿದ್ರು, ಭಾರತೀಯ ಆಹಾರ ನಿಗಮದ ಮೊದಲ ಅಧ್ಯಕ್ಷರು, ಆಮೇಲೆ ಎಲ್‌ಐಸಿ ಅಧ್ಯಕ್ಷರು, 1972ರಲ್ಲಿ ಪದ್ಮಭೂಷಣ, ಅದೇ ವರ್ಷ ಇಂದಿರಾ ಗಾಂಧಿ ಸಂಪುಟದಲ್ಲಿ ರೈಲ್ವೆ ಮಂತ್ರಿ, 1981ರಲ್ಲಿ ತೀರ್ಕೊಂಡ್ರು. ಇದನ್ನ ಹಾಗೇ ಓದಿದ್ರೆ ಮಕ್ಕಳು ಮೊಬೈಲ್ ತೆಗೀತಾರೆ ಅಷ್ಟೇ. ಮಣಿಪಾಲದ ಟ್ಯಾಪ್ಮಿ, ಅಂದ್ರೆ ಟಿ.ಎ. ಪೈ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್, ಅದರ ಹೆಸರು ಎಲ್ರಿಗೂ ಗೊತ್ತು, ಎಂಬಿಎಗೆ ಅಲ್ಲಿ ಸೀಟು ಬೇಕು ಅಂತಾರೆ, ಆದ್ರೆ ಆ ಹೆಸರಲ್ಲಿರೋ ಪೈ ಯಾರು ಅಂತ ಕೇಳಿದ್ರೆ ಗೊತ್ತಿಲ್ಲ.

ನನಗೆ ಬೇಕಾಗಿರೋದು ಎರಡು. ಈ ಬ್ಯಾಂಕು, ಅಕ್ಕಿ ಗೋಧಿ, ವಿಮೆ, ರೈಲು ಇದೆಲ್ಲದರ ನಡುವೆ ಅವರದ್ದೇ ಅನ್ನೋ ಒಂದು ಕೆಲಸದ ರೀತಿ ಇತ್ತಾ, ಇಲ್ಲಾ ಕರೆದಲ್ಲಿ ಹೋಗಿ ಕೂತ್ರಾ? ಇನ್ನೊಂದು, ಎಮರ್ಜೆನ್ಸಿ ಟೈಮಲ್ಲಿ ಅವರು ಕೇಂದ್ರದಲ್ಲಿ ಮಂತ್ರಿ ಆಗಿದ್ರಲ್ಲ, ಆ ವಿಷಯ ಮಕ್ಕಳ ಮುಂದೆ ಎತ್ತಬೇಕಾ ಬಿಡಬೇಕಾ?

ಕಡಲತಡಿ:

ಸರ್ ಒಳ್ಳೆ ಕೆಲಸ ಮಾಡ್ತಾ ಇದ್ದೀರಿ. ನಮ್ಮ ಊರಿನ ಕಡೆಯವ್ರು ಆದ ಕಾರಣ ನಾನು ಸ್ವಲ್ಪ ಉದ್ದ ಬರೆಯುವುದು, ಬೇಜಾರು ಮಾಡ್ಬೇಡಿ.

ಅವರ ಹುದ್ದೆಯಿಂದ ಶುರು ಮಾಡ್ಲಿಕ್ಕೆ ಹೋಗ್ಬೇಡಿ, ಅವರು ಹುಟ್ಟಿದ ಮನೆಯಿಂದ ಶುರು ಮಾಡಿ. 1925ರಲ್ಲಿ ಉಡುಪಿಯಲ್ಲಿ ಮೂರು ಜನ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕ್ ಮಾಡಿದ್ರು, ಹೆಸರು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಆಮೇಲೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಇದೇ. ಉಪೇಂದ್ರ ಅನಂತ ಪೈ ವ್ಯಾಪಾರಿ, ವಾಮನ ಕುಡ್ವ ಇಂಜಿನಿಯರ್, ಟಿ.ಎಂ.ಎ. ಪೈ ಡಾಕ್ಟ್ರು. ಆಗ ನಮ್ಮ ಕಡೆ ಕೈಮಗ್ಗದವರು ಪೂರಾ ಸೋತು ಹೋಗಿದ್ರು, ಅವರಿಗೆ ಸಾಲ ಕೊಡುವವರು ಬೇಕಿತ್ತು, ಬ್ಯಾಂಕ್ ಹುಟ್ಟಿದ್ದೇ ಅದಕ್ಕೆ. ಈ ಉಪೇಂದ್ರ ಪೈಯವರ ಮಗನೇ ಟಿ.ಎ. ಪೈ, ಡಾಕ್ಟ್ರು ಅವರ ಚಿಕ್ಕಪ್ಪ. ಅಂದ್ರೆ ಬ್ಯಾಂಕ್ ಶುರುವಾಗುವಾಗ ಇವರು ಮೂರು ವರ್ಷದ ಮಗು.

ಇನ್ನು ಪಿಗ್ಮಿ, ಅಂದ್ರೆ ಈ ಬ್ಯಾಂಕಿನ ದಿನದ ಉಳಿತಾಯ ಸ್ಕೀಮ್. ಇದನ್ನು ಮಾತ್ರ ಬೋರ್ಡ್ ಮೇಲೆ ಲೆಕ್ಕ ಹಾಕಿ ತೋರಿಸಿ ಸರ್. 1928ರಲ್ಲಿ ಶುರುವಾದದ್ದು, ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಮನೆಗೇ ಬಂದು ತಗೊಂಡು ಹೋಗುವುದು. ರೂಪಾಯಿಗೆ ಹದಿನಾರಾಣೆ, ದಿನಕ್ಕೆ ಎರಡಾಣೆ ಹಾಗೆ ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ, ವರ್ಷಕ್ಕೆ ನಲ್ವತ್ತೈದು ರೂಪಾಯಿ ಹತ್ತಾಣೆ. ಬ್ಯಾಂಕಿನ ಮೆಟ್ಟಿಲು ಹತ್ತಲಿಕ್ಕೆ ಹೆದರುವ ಮೀನು ಮಾರುವ ಹೆಂಗಸು, ಬೀಡಿ ಕಟ್ಟುವವರು, ಗೂಡಂಗಡಿಯವರು, ಇವರ ಹತ್ರ ಒಟ್ಟಿಗೆ ನಲ್ವತ್ತೈದು ರೂಪಾಯಿ ತನ್ನಿ ಅಂದ್ರೆ ಎಲ್ಲಿಂದ ತರುವುದು, ಆದ್ರೆ ಎರಡಾಣೆ ಉಂಟು, ಅದೂ ದಿನಾ ಸಂಜೆ ಕೈಯಲ್ಲಿ ಇರುವುದು, ರಾತ್ರಿ ಕಳೆದ್ರೆ ಖರ್ಚಾಗುವುದು. ಆ ಹೊತ್ತಿಗೆ ಸರಿಯಾಗಿ ಮನುಷ್ಯ ಬಾಗಿಲಿಗೆ ಬರ್ಬೇಕು. ಸಣ್ಣವರ ದುಡ್ಡಿನ ಬಗ್ಗೆ ಇಷ್ಟು ಸರಿಯಾಗಿ ಯೋಚನೆ ಮಾಡಿದ ಸ್ಕೀಮ್ ನನಗೆ ಬೇರೆ ಗೊತ್ತಿಲ್ಲ. ನಮ್ಮ ಅಮ್ಮ ಮಲ್ಲಿಗೆ ಕಟ್ಟಿ ಮಾರ್ತಾ ಇದ್ದದ್ದು, ನಮ್ಮಕ್ಕನ ಮದುವೆಗೆ ಚಿನ್ನ ಬಂದದ್ದು ಪಿಗ್ಮಿ ದುಡ್ಡಲ್ಲಿಯೇ.

ಟಿ.ಎ. ಪೈ ಇದನ್ನು ಕಂಡುಹಿಡಿದದ್ದಲ್ಲ, ಇದರ ನಡುವೆ ಬೆಳೆದದ್ದು. ಬಾಂಬೆಯಲ್ಲಿ ಕಾಮರ್ಸ್ ಓದಿ ಬಂದು 1940ರ ದಶಕದಲ್ಲಿ ಬ್ಯಾಂಕ್ ಸೇರಿದ್ರು. ಅವರ ಕಾಲದಲ್ಲಿ ಬ್ಯಾಂಕ್ ಹಳ್ಳಿ ಹಳ್ಳಿಗೆ ಹೋಯ್ತು, ರೈತರಿಗೆ ಸಾಲ ಕೊಡುವುದು ಶುರು ಆಯ್ತು, ಅದೂ ಸರ್ಕಾರ ಕೊಡಿ ಅಂತ ಹೇಳುವ ಮೊದ್ಲೇ. 1962ರಲ್ಲಿ ಬೆಂಗಳೂರು ಶೇಷಾದ್ರಿಪುರದಲ್ಲಿ ಪೂರ್ತಿ ಹೆಂಗಸರೇ ನಡೆಸುವ ಬ್ರಾಂಚ್ ತೆರೆದ್ರು. ನೀವು ಕೇಳಿದ ಕೆಲಸದ ರೀತಿ ಅಂದ್ರೆ ಇದೇ ಸರ್, ಜನ ಬರ್ಲಿ ಅಂತ ಕಾಯದೆ ತಾನೇ ಜನರ ಹತ್ರ ಹೋಗುವುದು.

ಲೆಡ್ಜರ್_ಮನುಷ್ಯ:

ಮೇಲಿನವರು ಚೆನ್ನಾಗಿ ಹೇಳಿದಾರೆ. ನಾನು ಬ್ಯಾಂಕಲ್ಲಿ ಕೆಲಸ ಮಾಡಿ ರಿಟೈರ್ ಆದವನು, ಬೇರೆ ಬ್ಯಾಂಕು, ಇವರದ್ದಲ್ಲ. ನನ್ನ ಕೇಳಿದ್ರೆ ಅವರ ಜೀವನದಲ್ಲಿ ಮಕ್ಕಳಿಗೆ ಹೇಳಲೇಬೇಕಾದ ದಿನ 1969 ಜುಲೈ 19. ಅವತ್ತು 50 ಕೋಟಿಗಿಂತ ಹೆಚ್ಚು ಡಿಪಾಸಿಟ್ ಇದ್ದ 14 ಬ್ಯಾಂಕುಗಳು ರಾಷ್ಟ್ರೀಕರಣ ಆದವು, ಅದರಲ್ಲಿ ಸಿಂಡಿಕೇಟ್ ಕೂಡ ಒಂದು. ಅಪ್ಪ ಚಿಕ್ಕಪ್ಪ ಕಟ್ಟಿದ್ದು, ತಾನು ಕಾಲು ಶತಮಾನ ದುಡಿದಿದ್ದು, ರಾತ್ರೋರಾತ್ರಿ ಸರ್ಕಾರದ್ದಾಯ್ತು. ದೊಡ್ಡ ದೊಡ್ಡ ಮನೆತನದವರು ಎಷ್ಟು ಗಲಾಟೆ ಮಾಡಿದ್ರು, ಕೇಸು ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು. ಪೈಯವರು ಏನು ಮಾಡಿದ್ರು? ಅದೇ ಬ್ಯಾಂಕಿಗೆ ಸರ್ಕಾರದ ಕಸ್ಟೋಡಿಯನ್, ಅಂದ್ರೆ ಸರ್ಕಾರದ ಪರವಾಗಿ ಬ್ಯಾಂಕ್ ನೋಡ್ಕೊಳ್ಳೋರು, ಆಗಿ ಕೂತು ಕೆಲಸ ಮುಂದುವರಿಸಿದ್ರು. ಮಾಲೀಕತ್ವ ಹೋದ್ಮೇಲೂ ಅದೇ ಕೆಲಸ ಅದೇ ಶ್ರದ್ಧೆಯಿಂದ ಮಾಡೋನು ಸಿಗೋದು ಕಷ್ಟ ಸ್ವಾಮಿ. ರಾಷ್ಟ್ರೀಕರಣ ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ, ಅದನ್ನ ಮಕ್ಕಳೇ ಮಾಡಲಿ.

ಎಫ್‌ಸಿಐ, ಅಂದ್ರೆ ಆಹಾರ ನಿಗಮ, ಅದರ ವಿಷಯನೂ ಬರೀ ಹುದ್ದೆ ಅಂತ ಬಿಡಬೇಡಿ. ನಿಗಮ ಶುರುವಾಗಿದ್ದು 1965 ಜನವರಿಯಲ್ಲಿ, ಮೊದಲ ಆಫೀಸು ತಂಜಾವೂರಲ್ಲಿ, ಅದಾದ ತಕ್ಷಣ ಎರಡು ವರ್ಷ ಮಳೆ ಕೈ ಕೊಡ್ತು, ದೇಶ ಅಮೆರಿಕದಿಂದ ಹಡಗಲ್ಲಿ ಬರೋ ಗೋಧಿ ಮೇಲೆ ನಿಂತಿತ್ತು. ರೈತನಿಂದ ನಿಗದಿ ಬೆಲೆಗೆ ಧಾನ್ಯ ಕೊಳ್ಳೋದು, ಗೋದಾಮಲ್ಲಿ ಇಡೋದು, ಬೇಕಾದ ಕಡೆ ಕಳಿಸೋದು, ಇದಕ್ಕೆಲ್ಲ ಒಂದು ವ್ಯವಸ್ಥೆಯನ್ನ ಶೂನ್ಯದಿಂದ ಕಟ್ಟಬೇಕಿತ್ತು. ಅಂಥ ಹೊತ್ತಲ್ಲಿ ಮಣಿಪಾಲದ ಬ್ಯಾಂಕರ್ ಒಬ್ಬರನ್ನ ಕರೆದು ಕೂರಿಸಿದ್ರು ಅಂದ್ರೆ ಸುಮ್ಮನೆ ಅಲ್ಲ.

ಇನ್ನೊಂದು, 1975 ಅಕ್ಟೋಬರ್ 2ಕ್ಕೆ ದೇಶದ ಮೊದಲ ಗ್ರಾಮೀಣ ಬ್ಯಾಂಕ್, ಪ್ರಥಮಾ ಬ್ಯಾಂಕ್, ಉತ್ತರ ಪ್ರದೇಶದ ಮೊರಾದಾಬಾದಲ್ಲಿ ಶುರುವಾಯ್ತಲ್ಲ, ಅದನ್ನ ಪ್ರಾಯೋಜಿಸಿದ ಬ್ಯಾಂಕ್ ಸಿಂಡಿಕೇಟ್. ಆಗ ಪೈಯವರು ಬ್ಯಾಂಕಲ್ಲಿ ಇರಲಿಲ್ಲ, ಆದ್ರೆ ಆ ಅಭ್ಯಾಸ ಬ್ಯಾಂಕಲ್ಲಿ ಉಳಿದಿತ್ತು. ರೈಲ್ವೆಯಲ್ಲಿ ಅವರಿದ್ದಿದ್ದು 1972 ಜುಲೈಯಿಂದ 1973 ಫೆಬ್ರವರಿವರೆಗೆ ಮಾತ್ರ, ಅದರ ಬಗ್ಗೆ ಜಾಸ್ತಿ ಹೇಳೋಕೆ ಹೋಗಬೇಡಿ. ಅವರಿಗಿಂತ ಮುಂಚೆ ಆ ಖಾತೆಲಿದ್ದಿದ್ದು ಕೆಂಗಲ್ ಹನುಮಂತಯ್ಯ ಅಂತ ಹೇಳಿದ್ರೆ ಮಕ್ಕಳಿಗೆ ಖುಷಿ ಆಗತ್ತೆ.

ಒಂದು ಎಚ್ಚರಿಕೆ. ಬ್ಯಾಂಕ್ ಮಾಡಿದ್ದೆಲ್ಲ ಒಬ್ಬರೇ ಮಾಡಿದ್ದು ಅನ್ನೋ ಹಾಗೆ ಹೇಳಬೇಡಿ. ಟಿ.ಎಂ.ಎ. ಪೈ, ಆಮೇಲೆ ಬ್ಯಾಂಕ್ ನಡೆಸಿದ ಕೆ.ಕೆ. ಪೈ, ಹೆಸರೇ ಬರದ ನೂರಾರು ಮ್ಯಾನೇಜರುಗಳು, ಏಜೆಂಟರು ಎಲ್ಲ ಸೇರಿ ಆಗಿದ್ದು ಅದು.

ನವಲಗುಂದ ಹುಡುಗ:

ಸರ್ ನಿಮ್ಮ ಎರಡನೇ ಪ್ರಶ್ನೆಗೆ ನಾ ಹೇಳ್ತೀನ್ರಿ. ಎಮರ್ಜೆನ್ಸಿ ವಿಷಯ ಬಿಡಬ್ಯಾಡ್ರಿ, ಬಿಟ್ಟ್ರ ಅವರ ಜೀವನದಾಗ ಎಲ್ಲಕ್ಕಿಂತ ಗಟ್ಟಿ ಭಾಗಾನ ಬಿಟ್ಟಂಗ ಆಗ್ತದ.

ಹೌದು, ಅವರು 1977ರ ತನಕ ಆ ಸಂಪುಟದಾಗ ಇದ್ದರು, ರಾಜೀನಾಮೆ ಕೊಟ್ಟು ಹೊರಗ ಬರಲಿಲ್ಲ. ಇದನ್ನ ಮಕ್ಕಳಿಗೆ ನೇರ ಹೇಳ್ರಿ, ಮುಚ್ಚಿಡೂದು ಬ್ಯಾಡ. ಆದ್ರ ಅದರ ಜೋಡಿ ಮಾರುತಿ ಪ್ರಕರಣಾನೂ ಹೇಳ್ರಿ. 1975ರಾಗ, ಎಮರ್ಜೆನ್ಸಿ ಬರೂಕಿಂತ ಸ್ವಲ್ಪ ಮೊದಲ, ಪೈ ಅವರು ಕೈಗಾರಿಕಾ ಮಂತ್ರಿ ಇದ್ದಾಗ ಸಂಸತ್ತಿನಾಗ ಪ್ರಧಾನಿ ಮಗ ಸಂಜಯ್ ಗಾಂಧಿ ಅವರ ಮಾರುತಿ ಕಾರ್ ಕಂಪನಿ ಬಗ್ಗೆ ಒಂದು ಪ್ರಶ್ನೆ ಬಂತು. ಪ್ರಶ್ನೆ ಬಂದಮ್ಯಾಲೆ ಉತ್ತರ ಕೊಡಬೇಕಲ್ರಿ, ಉತ್ತರಕ್ಕ ಮಾಹಿತಿ ಬೇಕಲ್ರಿ, ಹಂಗಾಗಿ ನಾಲ್ಕು ಜನ ಅಧಿಕಾರಿಗಳು ಮಾಹಿತಿ ಕೇಳಾಕ ಹ್ವಾದರು. ಅವರು ಮಾಡಿದ್ದು ಇಷ್ಟ. ಅಷ್ಟಕ್ಕ ಆ ನಾಲ್ಕೂ ಮಂದಿ ಮ್ಯಾಲೆ ಸಿಬಿಐ ಬಿಟ್ಟರು, ಮನಿ ಶೋಧ ಮಾಡಿಸಿದರು, ಕೇಸ್ ಹಾಕಿಸಿದರು. ನೌಕರಿ ಮಾಡೂ ಮನಷ್ಯಾ ತನ್ನ ಕೆಲಸ ಮಾಡಿದ್ದಕ್ಕ ಮನಿ ಬಾಗಲಿಗೆ ಪೊಲೀಸ್ರು ಬಂದು ನಿಂತ್ರ ಆ ಮನಿ ಹೆಣ್ಣಮಕ್ಕಳು, ಹುಡುಗ್ರು ಏನಾಗಬೇಕು ಹೇಳ್ರಿ.

1977ರಾಗ ಜನತಾ ಸರ್ಕಾರ ಬಂದು ಎಮರ್ಜೆನ್ಸಿಯಾಗ ನಡದದ್ದರ ತನಿಖೆಗೆ ನ್ಯಾಯಮೂರ್ತಿ ಜೆ.ಸಿ. ಶಾ ಆಯೋಗ ಮಾಡಿತು. ಪೈ ಅವರು ಅದರ ಮುಂದ ಹೋಗಿ ಸಾಕ್ಷಿ ಹೇಳಿದರು, ಆಗಿನ ಪ್ರಧಾನಿ ಇಂದಿರಾ ಗಾಂಧಿ ಈ ಅಧಿಕಾರಿಗಳ ಮ್ಯಾಲೆ ಎಷ್ಟು ಸಿಟ್ಟಿಗೆದ್ದಿದ್ದರು, ತನಿಖೆ ಹೆಂಗ ಶುರು ಆತು ಅನ್ನೂದನ್ನ ಎಲ್ಲಾರ ಎದುರಿಗೆ ಹೇಳಿದರು. ಇಂದಿರಾ ಅವರ ಕಾಂಗ್ರೆಸ್ ಟಿಕೆಟ್ ಮ್ಯಾಲೆ ಆಗಷ್ಟ ಉಡುಪಿಯಿಂದ ಲೋಕಸಭಾಕ್ಕ ಗೆದ್ದು ಬಂದವರು ಅವರು. ಸುಮ್ಮ ಕೂತಿದ್ರ ರಾಜಕೀಯ ಭವಿಷ್ಯ ಉಳೀತಿತ್ತು. ತಮ್ಮ ಕೈಕೆಳಗ ಕೆಲಸ ಮಾಡಿದವರ ಪರವಾಗಿ ಮಾತಾಡಬೇಕು ಅಂದಾಗ ಮಾತಾಡಿದರು. ನನಗ ಅವರ ಮ್ಯಾಲೆ ಗೌರವ ಬಂದದ್ದು ಇದಕ್ಕ, ಬ್ಯಾಂಕಿನ ಸಲುವಾಗಿ ಅಲ್ಲ.

ಬಯಲುಸೀಮೆ:

ಎಲ್ಲರೂ ಹೊಗಳ್ತಾ ಇದೀರ, ಸಂತೋಷ, ಆದ್ರೆ ಒಂದು ಮಾತು. ಉದ್ಯಮಿ ಮನೆತನದಲ್ಲಿ ಹುಟ್ಟಿ ಮನೆಯ ಬ್ಯಾಂಕಲ್ಲೇ ಮೇಲಕ್ಕೆ ಬಂದೋರು ಅವರು, ಸೊನ್ನೆಯಿಂದ ಬಂದ ಕಥೆ ಅಲ್ಲ ಇದು, ಮಕ್ಕಳಿಗೆ ಅದು ತಿಳೀಬೇಕು. ಮತ್ತೆ ಪಿಗ್ಮಿ ಅಂದ್ರೆ ದುಡ್ಡು ಇಟ್ಟವರ ಕಥೆ ಮಾತ್ರ ಅಲ್ವಲ್ಲ, ದಿನಾ ಬಿಸಿಲಲ್ಲಿ ಮನೆ ಮನೆ ತಿರುಗಿದ ಏಜೆಂಟರ ಕಥೆನೂ ಹೌದು. ಅವರು ಕಮಿಷನ್ ಮೇಲೆ ದುಡಿದವರು, ಬ್ಯಾಂಕ್ ನೌಕರರಲ್ಲ ಅನ್ನೋ ವಾದ ದೇಶದ ಬ್ಯಾಂಕುಗಳೆಲ್ಲ ಸೇರಿ ವರ್ಷಗಟ್ಟಲೆ ಮಾಡಿದವು, ಕೊನೆಗೆ 2001ರಲ್ಲಿ ಸುಪ್ರೀಂ ಕೋರ್ಟ್ ಇವರೂ ಕಾರ್ಮಿಕರೇ ಅಂತ ಹೇಳ್ಬೇಕಾಯ್ತು. ಅದು ಪೈ ಅವರು ಹೋಗಿ ಎಷ್ಟೋ ಕಾಲ ಆದ್ಮೇಲಿನ ಮಾತು, ಅವರ ಮೇಲೆ ಹಾಕ್ತಾ ಇಲ್ಲ. ಆದ್ರೆ ಕಾಮರ್ಸ್ ಕ್ಲಾಸಲ್ಲಿ ಆ ಸ್ಕೀಮಿನ ಲೆಕ್ಕ ಹೇಳೋವಾಗ ಸಂಗ್ರಹಕ್ಕೆ ಆಗೋ ಖರ್ಚು ಎಷ್ಟು, ಅದನ್ನ ಯಾರು ಹೊತ್ಕೊಂಡ್ರು ಅಂತಾನೂ ಕೇಳಿ. ಒಳ್ಳೆ ಪ್ರಶ್ನೆ ಅದು.

ತುಂಗಾತೀರ:

ಅಬ್ಬಾ, ಇಷ್ಟೊಂದು ಬರುತ್ತೆ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ತುಂಬಾ ಥ್ಯಾಂಕ್ಸ್. ಶಾ ಆಯೋಗದ ವಿಷಯ ನನಗೆ ಗೊತ್ತೇ ಇರ್ಲಿಲ್ಲ, ಅದನ್ನ ಖಂಡಿತ ಸೇರಿಸ್ತೀನಿ, ಬಯಲುಸೀಮೆಯವರ ಪ್ರಶ್ನೆನೂ ಹಾಗೇ ಮಕ್ಕಳ ಮುಂದೆ ಇಡ್ತೀನಿ. ಅಧಿಕಾರ ಹೋದ್ಮೇಲೆ ಅವರು ಏನು ಮಾಡಿದ್ರು ಅನ್ನೋದು ಮಾತ್ರ ಇನ್ನೂ ನನ್ನ ಹತ್ರ ಖಾಲಿ ಇದೆ. ಪಕ್ಷ ಸೋತ ಮೇಲೆ ಮನೇಲಿ ಕೂತ್ರಾ?

ಕಡಲತಡಿ:

ಇಲ್ಲ ಸರ್, ಕೂರಲಿಲ್ಲ. ಮಂತ್ರಿ ಸ್ಥಾನ ಹೋದ ಮರುವರ್ಷ, 1978ರಲ್ಲಿ, ಮಣಿಪಾಲದಲ್ಲಿ ಭಾರತೀಯ ವಿಕಾಸ ಟ್ರಸ್ಟ್ ಅಂತ ಮಾಡಿದ್ರು. ಹಳ್ಳಿಯವರಿಗೆ, ಹಳ್ಳಿಗೆ ಸಾಲ ಕೊಡುವ ಬ್ಯಾಂಕಿನವರಿಗೆ ತರಬೇತಿ ಕೊಡ್ಲಿಕ್ಕೆ. ಗೋಬರ್ ಗ್ಯಾಸ್ ಕೆಲಸ ಕೂಡ ಅಲ್ಲಿಂದ ತುಂಬಾ ಆಯ್ತು, ನಮ್ಮ ಕಡೆ ಹಳೇ ಮನೆಗಳಲ್ಲಿ ಈಗಲೂ ಆ ಗುಂಡಿ ಉಂಟು. ರಾಜಕೀಯದಲ್ಲಿ ಮಾತ್ರ ದೇವರಾಜ ಅರಸರ ಕಾಂಗ್ರೆಸ್ ಕಡೆ ಹೋದ್ರು, 1980ರಲ್ಲಿ ಉಡುಪಿಯಲ್ಲಿ ನಿಂತು ಸೋತ್ರು. ಗೆದ್ದದ್ದು ಆಸ್ಕರ್ ಫರ್ನಾಂಡಿಸ್, ಅವರ ಮೊದಲ ಲೋಕಸಭಾ ಚುನಾವಣೆ ಅದು. ಈಗ ನಿಮ್ಮ ಮಕ್ಕಳು ಸೀಟು ಬೇಕು ಅಂತಾರಲ್ಲ, ಆ ಟ್ಯಾಪ್ಮಿ ಶುರು ಮಾಡಿದ್ದು ಅದೇ ಸೋತ ವರ್ಷ. ಮರುವರ್ಷ ಮೇ ತಿಂಗಳಲ್ಲಿ ತೀರಿ ಹೋದ್ರು, ಅರವತ್ತು ಕೂಡ ಆಗಿರ್ಲಿಲ್ಲ.

ಇನ್ನೊಂದು ವಿಷಯ ಇದ್ರೆ ಒಳ್ಳೆದು. ಇವರೊಬ್ಬರೇ ಅಲ್ಲ, ನಮ್ಮ ಜಿಲ್ಲೆಯಲ್ಲಿ ಈ ಥರದವರು ಮೊದಲಿಂದಲೂ ಇದ್ರು. 1906ರಲ್ಲಿಯೇ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು 5,000 ರೂಪಾಯಿ ಬಂಡವಾಳದಲ್ಲಿ ಬ್ಯಾಂಕ್ ಮಾಡಿದ್ರು, ಆಮೇಲೆ ಕಾರ್ಪೊರೇಷನ್ ಬ್ಯಾಂಕ್ ಆದದ್ದು ಅದೇ. ಮೊದಲ ದಿನ ಸಂಜೆ ಬ್ಯಾಂಕಿಗೆ ಬಂದದ್ದು 38 ರೂಪಾಯಿ 13 ಆಣೆ 2 ಪೈ (ಆಣೆಗೆ ಹನ್ನೆರಡು ಪೈ). ಅದೇ ವರ್ಷ ಮಂಗಳೂರಲ್ಲಿ ವಕೀಲರು ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಬ್ಯಾಂಕಿನ ಮೂಲ ಫಂಡ್ ಶುರು ಮಾಡಿದ್ರು, ಹೆಣ್ಣುಮಕ್ಕಳ ಶಾಲೆ ಕೂಡ ಮಾಡಿದವರು ಅವರು. 2020 ಏಪ್ರಿಲ್ 1ಕ್ಕೆ ಸಿಂಡಿಕೇಟ್ ಹೋಗಿ ಕೆನರಾಕ್ಕೆ ಸೇರಿತು, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿತು. ಬೋರ್ಡ್ ಇಳಿಸುವಾಗ ನಮ್ಮ ಕಡೆಯವರಿಗೆ ತುಂಬಾ ಸಂಕಟ ಆಗಿದೆ ಸರ್, ಅದನ್ನು ಹೇಗೆ ಹೇಳುವುದು ಗೊತ್ತಿಲ್ಲ.

ಮಕ್ಕಳನ್ನು ಕರ್ಕೊಂಡು ಬರ್ಲಿಕ್ಕೆ ಆಗುದಾದ್ರೆ ಬನ್ನಿ. ಹಾಜಿ ಸಾಹೇಬರ ಹಳೇ ಮನೆಯನ್ನೇ ಬ್ಯಾಂಕಿನವರು ಮ್ಯೂಸಿಯಂ ಮಾಡಿದ್ರು, ಹಳೇ ನಾಣ್ಯಗಳನ್ನೆಲ್ಲ ಇಟ್ಟಿದ್ರು, ಹೊರಡುವ ಮೊದಲು ಅದು ತೆರೆದಿರ್ತದಾ ಅಂತ ಮಾತ್ರ ಕೇಳ್ಕೊಳ್ಳಿ.

ನವಲಗುಂದ ಹುಡುಗ:

ಸರ್, ಪೈ ಅವರು ಮಂತ್ರಿ ಇದ್ದಾಗ ಸದನದಾಗ ಕೊಟ್ಟ ಉತ್ತರ ಎಲ್ಲಾ ಸಂಸತ್ತಿನ ಡಿಜಿಟಲ್ ಲೈಬ್ರರಿಯೊಳಗ ಪಿಡಿಎಫ್ ಸಿಗ್ತಾವ್ರಿ, ಫ್ರೀ. 72ರಿಂದ 77ರ ತನಕದ್ದು ಹುಡುಕ್ರಿ. ಒಂದೆರಡು ಪುಟ ಪ್ರಿಂಟ್ ತಗದು ಹುಡುಗ್ರ ಕೈಯಾಗ ಕೊಟ್ಟು ಅವರ ಕಡಿಂದನ ಓದಸ್ರಿ.