ಮುಂಗುಸಿಯಲ್ಲ, ಫೆರೆಟ್ಟು

ಶರಣಪ್ಪನವರು ಇಂಗ್ಲೆಂಡಿನಲ್ಲಿರುವ ಮಗನ ಮನೆಯಲ್ಲಿ ಮೂರು ತಿಂಗಳು ಇದ್ದು ಗಂಗಾವತಿಗೆ ಹಿಂದಿರುಗಿ ಹದಿನೈದು ದಿನಗಳಾಗಿವೆ. ಸಂಜೆಯ ಹೊತ್ತು ಮಿರ್ಚಿ ಮತ್ತು ಮಂಡಾಳು ಒಗ್ಗರಣೆಯ ತಟ್ಟೆಗಳ ಸುತ್ತ ಸೇರುವ ನಮ್ಮ ಮಂಡಳಿಯಲ್ಲಿ ಇಷ್ಟು ದಿನಗಳಾದರೂ ಒಬ್ಬರೂ ಅವರನ್ನು ಅಲ್ಲಿಯ ಅರಮನೆ, ರೈಲು, ವಸ್ತುಸಂಗ್ರಹಾಲಯಗಳ ಬಗ್ಗೆ ಕೇಳಿಲ್ಲ. ಬಂದ ಮೊದಲ ಸಂಜೆಯೇ ಅವರು, ಲೀಡ್ಸ್ ನಗರದ ಆ ಮನೆಯಲ್ಲಿ ತಾವು ಎರಡು ಫೆರೆಟ್ಟುಗಳ ಜೊತೆ ಸಂಸಾರ ಮಾಡಿ ಬಂದುದಾಗಿ ಬಾಯಿಬಿಟ್ಟ ಕಾರಣ, ಉಳಿದ ಇಂಗ್ಲೆಂಡು ನಮಗೆ ಬೇಡವಾಯಿತು.

ಫೆರೆಟ್ಟು ಎಂದರೆ ಎಂಥದ್ದು ಎಂದು ಅಕ್ಕಿ ಗಿರಣಿಯ ಸಾಹುಕಾರರು ಕೇಳಿದರು. ಮೊಳದುದ್ದದ ಮೈ, ಬೆರಳುದ್ದದ ಕಾಲು, ಕಣ್ಣಿನ ಸುತ್ತ ಕಳ್ಳರು ಕಟ್ಟಿಕೊಳ್ಳುವಂಥ ಕಪ್ಪು ಪಟ್ಟಿ, ಗಂಡಾದರೆ ಒಂದರಿಂದ ಎರಡು ಕಿಲೋ, ಹೆಣ್ಣಾದರೆ ಅದರ ಅರ್ಧದಷ್ಟು ತೂಕ ಎಂದು ಶರಣಪ್ಪನವರು ವರ್ಣಿಸಿದರು.

“ಇಷ್ಟೆಲ್ಲ ಸುತ್ತಿ ಬಳಸುವ ಬದಲು ಮುಂಗುಸಿ ಎಂದು ಹೇಳಬಾರದೇ?” ಎಂದರು ಸಾಹುಕಾರರು.

ಈ ಮಾತಿಗೆ ನಮ್ಮ ಮಾಸ್ತರು ಕೈಯಲ್ಲಿದ್ದ ಮಿರ್ಚಿಯನ್ನು ತಟ್ಟೆಗೆ ಹಿಂದಿರುಗಿಸಿದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಅವರು ತಪ್ಪು ಉತ್ತರ ಕೇಳಿದಾಗ ಊಟ ಮುಂದುವರಿಸಲಾರರು. “ಮುಂಗುಸಿ ಬೆಕ್ಕಿನ ಕಡೆಯ ಬಳಗಕ್ಕೆ ಸೇರಿದ್ದು, ಫೆರೆಟ್ಟು ನಾಯಿಯ ಕಡೆಯ ಬಳಗಕ್ಕೆ ಸೇರಿದ್ದು, ಇಬ್ಬರೂ ಉದ್ದವಾಗಿದ್ದಾರೆ ಎಂಬ ಕಾರಣಕ್ಕೆ ಅಣ್ಣತಮ್ಮಂದಿರಾಗುವುದಿಲ್ಲ. ಫೆರೆಟ್ಟಿನ ದಾಯಾದಿಯನ್ನು ನೋಡಬೇಕೆಂದರೆ ನೀವು ಇಂಗ್ಲೆಂಡಿನವರೆಗೆ ಹೋಗುವುದೂ ಬೇಡ. ನಮ್ಮ ತುಂಗಭದ್ರೆಯಲ್ಲಿ ಮೀನು ಹಿಡಿಯುವ ನೀರುನಾಯಿ ಅದರದೇ ಕುಟುಂಬದ್ದು. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರು ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗೆಂದೇ ಸಂರಕ್ಷಿತ ಪ್ರದೇಶವೆಂದು ಸರಕಾರ ಸಾರಿದೆ” ಎಂದು ಅವರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ಯುರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆ ಜನರು ಮೊಲದ ಬೇಟೆಗಾಗಿ ಪಳಗಿಸಿದ್ದರ ಫಲವೇ ಈ ಫೆರೆಟ್ಟು ಎಂದೂ, ಲ್ಯಾಟಿನ್ ಮೂಲದ ಅದರ ಹೆಸರಿಗೆ ಪುಟ್ಟ ಕಳ್ಳ ಎಂದೇ ಅರ್ಥವೆಂದೂ ಸೇರಿಸಿದರು.

ಹಾಗಾದರೆ ಕನ್ನಡದಲ್ಲಿ ಅದನ್ನು ಪುಟಗಳ್ಳ ಎಂದು ಕರೆಯಬಹುದಲ್ಲ ಎಂದು ನಾನು ಸೂಚಿಸಿದೆ. ಶರಣಪ್ಪನವರು, ಕಳ್ಳತನದ ವಿಷಯಕ್ಕೆ ತಾವು ಆಮೇಲೆ ಬರುವುದಾಗಿಯೂ, ಆ ಮನೆಯಲ್ಲಿ ತಾವು ಮೊದಲು ಎದುರಿಸಿದ್ದು ಕಳ್ಳತನವನ್ನಲ್ಲ, ಸಾವನ್ನು ಎಂದೂ ಹೇಳಿ ನಮ್ಮ ಬಾಯಿ ಮುಚ್ಚಿಸಿದರು.

ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋದ ಮೊದಲ ದಿನ ಅದು. ಎರಡು ಫೆರೆಟ್ಟುಗಳಲ್ಲಿ ಹೆಣ್ಣಿನ ಹೆಸರು ಬೆಲ್ಲಾ. ಅದನ್ನು ಶರಣಪ್ಪನವರು ಬೆಲ್ಲ ಎಂದೇ ತಿಳಿದಿದ್ದರು. ಗಂಡಿನ ಹೆಸರು ನಾಲಿಗೆಗೆ ಒಗ್ಗದ ಕಾರಣ ಅದನ್ನು ‘ತಮ್ಮಾ’ ಎನ್ನುತ್ತಿದ್ದರು. ಪಂಜರದೊಳಗಿನ ಬಟ್ಟೆಯ ಜೋಲಿಯಲ್ಲಿ ಬೆಲ್ಲ ಬಾಯಿ ತೆರೆದು, ನಾಲಿಗೆಯ ತುದಿ ಹೊರಚಾಚಿ ಬಿದ್ದಿತ್ತು. ಕರೆದರು, ಮುಟ್ಟಿದರು, ಅಲ್ಲಾಡಿಸಿದರು. ಎತ್ತಿಕೊಂಡರೆ ಹಿಂಡದ ಒದ್ದೆ ಟವೆಲ್ಲಿನಂತೆ ಎರಡೂ ಕಡೆ ಜೋತುಬಿತ್ತು. ಪರದೇಶದಲ್ಲಿ, ಅದೂ ಸೊಸೆಯ ಪ್ರೀತಿಯ ಪ್ರಾಣಿ, ತಮ್ಮ ಪಹರೆಯಲ್ಲಿ ತೀರಿಕೊಂಡಿತಲ್ಲ ಎಂದು ಅವರಿಗೆ ಬೆವರು ಬಂತು. ಆಗಬೇಕಾದ ಕ್ರಿಯೆಯಾದರೂ ಕ್ರಮವಾಗಿ ಆಗಲಿ ಎಂದು ಹಿತ್ತಿಲಿನಲ್ಲಿ ಸಲಿಕೆ ಹುಡುಕಿ, ಗುಲಾಬಿ ಗಿಡಗಳ ನಡುವೆ ಒಂದು ಗುಣಿ ತೆಗೆದು, ಮೃತದೇಹಕ್ಕೆ ಟವೆಲ್ಲು ಸುತ್ತುತ್ತಿದ್ದಾಗ ಅದು ಆಕಳಿಸಿತು.

“ಫೆರೆಟ್ಟು ಗಾಢನಿದ್ರೆಗೆ ಹೋದಾಗ ಎಷ್ಟೋ ಸಲ ಸತ್ತಂತೆಯೇ ಕಾಣುತ್ತದೆ ಎಂದು ಸೊಸೆ ಆಮೇಲೆ ವಿವರಿಸಿದಳು. ಗುಣಿ ಯಾತಕ್ಕೆ ಎಂದು ಕೇಳಿದಳು. ಹೊಸ ಗಿಡ ನೆಡಲು ಎಂದೆ. ಮರುದಿನ ಪಾಪ, ಹನ್ನೆರಡು ಪೌಂಡು ಕೊಟ್ಟು ಒಂದು ಗಿಡ ತಂದಳು.”

ಈ ಪ್ರಾಣಿ ದಿನಕ್ಕೆ ಎಷ್ಟು ಹೊತ್ತು ಮಲಗುತ್ತದೆ ಎಂದು ಸಾಹುಕಾರರು ವ್ಯವಹಾರದ ದನಿಯಲ್ಲಿ ವಿಚಾರಿಸಿದರು. ಅವರ ಗಿರಣಿಯಲ್ಲಿ ಅಕ್ಕಿಗಿಂತ ಹೆಚ್ಚಾಗಿ ಬೆಳೆಯುತ್ತಿರುವುದು ಇಲಿಗಳೆಂಬುದೂ, ಎರಡು ಫೆರೆಟ್ಟುಗಳನ್ನು ತರಿಸಿ ಗೋದಾಮಿನಲ್ಲಿ ಬಿಡುವ ಯೋಚನೆ ಅವರ ತಲೆಯಲ್ಲಿ ಆಗಲೇ ಓಡಾಡುತ್ತಿದೆಯೆಂಬುದೂ ನಮಗೆಲ್ಲ ಗೊತ್ತಿತ್ತು. ಹದಿನಾಲ್ಕರಿಂದ ಹದಿನೆಂಟು ಗಂಟೆ ಎಂಬ ಉತ್ತರ ಕೇಳಿ ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು. ಉಳಿಯುವ ಆರರಿಂದ ಹತ್ತು ಗಂಟೆಗಳಲ್ಲಿ ಕೂಡ ಅದು ಹೆಚ್ಚು ಚುರುಕಾಗಿರುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ಎಂದು ತಿಳಿದಾಗ, “ಅಂದರೆ ನಮ್ಮ ಹಮಾಲರು ಬರುವ ಮೊದಲು ಮತ್ತು ಹೋದ ಮೇಲೆ! ಹಾಜರಿ ತೆಗೆದುಕೊಳ್ಳುವವರು ಯಾರು?” ಎಂದು ಖಿನ್ನರಾದರು.

ಆದರೂ ಇಲಿಯನ್ನು ಕಂಡರೆ ಬಿಡುವುದಿಲ್ಲವಷ್ಟೇ ಎಂದು ಮತ್ತೆ ಆಸೆಯಿಂದ ಕೇಳಿದರು. ಬಿಲದೊಳಗೆ ನುಗ್ಗಿ ಮೊಲವನ್ನೋ ಇಲಿಯನ್ನೋ ಹೊರಗಟ್ಟುವುದು ಅದರ ಹುಟ್ಟುಗುಣವೇ ಹೌದು ಎಂದು ಮಾಸ್ತರು ಒಪ್ಪಿಕೊಂಡರು. ಆದರೆ ಹೀಗೆಯೇ ಲೆಕ್ಕ ಹಾಕಿ ನ್ಯೂಜಿಲೆಂಡಿನವರು 1880ರ ದಶಕದಲ್ಲಿ ಮೊಲಗಳ ಕಾಟ ತಪ್ಪಿಸಲು ಫೆರೆಟ್ಟುಗಳನ್ನು ಬಿಟ್ಟರೆಂದೂ, ಅವು ಮೊಲದ ಜೊತೆಗೆ ಅಲ್ಲಿಯ ಹಾರಲಾರದ ಹಕ್ಕಿಗಳನ್ನೂ ಮುಗಿಸತೊಡಗಿದವೆಂದೂ, ಕೊನೆಗೆ 2002ರಲ್ಲಿ ಅವುಗಳ ಮಾರಾಟ ಮತ್ತು ಮರಿ ಮಾಡಿಸುವುದನ್ನೇ ಅಲ್ಲಿ ನಿಷೇಧಿಸಬೇಕಾಯಿತೆಂದೂ ಎಚ್ಚರಿಸಿದರು. “ಉರುವಲಿಗೆ ಆಗುತ್ತದೆ ಎಂದು ಬಳ್ಳಾರಿ ಜಾಲಿಯನ್ನು ತಂದವರೂ ನಿಮ್ಮ ಹಾಗೆಯೇ ಬುದ್ಧಿವಂತರಾಗಿದ್ದರು, ಸಾಹುಕಾರರೇ.” ತಮ್ಮ ಮೂರು ಎಕರೆಯನ್ನು ಜಾಲಿಗೆ ಬಿಟ್ಟುಕೊಟ್ಟಿರುವ ಸಾಹುಕಾರರು ಈ ಮಾತಿಗೆ ಉತ್ತರ ಕೊಡಲಿಲ್ಲ.

ವೈರಿಂಗ್ ಕೆಲಸದ ಹುಸೇನಸಾಬರ ಕಣ್ಣು ಇನ್ನೊಂದು ಕಡೆ ಇತ್ತು. ಬಿಲ ಕಂಡಲ್ಲಿ ನುಗ್ಗುವ ಪ್ರಾಣಿ ಪೈಪು ಕಂಡರೂ ನುಗ್ಗಬೇಕಷ್ಟೇ. ಬಾಲಕ್ಕೆ ವೈರು ಕಟ್ಟಿದರೆ ತಮ್ಮ ಅರ್ಧ ದಿನದ ಕೆಲಸ ಅರ್ಧ ಗಳಿಗೆಯಲ್ಲಿ ಮುಗಿಯುವುದಿಲ್ಲವೇ ಎಂದು ಅವರು ಕೇಳಿದಾಗ ನಾವೆಲ್ಲ ನಕ್ಕೆವು. ಮಾಸ್ತರು ಮಾತ್ರ ನಗಲಿಲ್ಲ. ಅಮೆರಿಕದ ಫರ್ಮಿಲ್ಯಾಬ್ ಎಂಬ ದೊಡ್ಡ ಭೌತವಿಜ್ಞಾನ ಪ್ರಯೋಗಾಲಯದಲ್ಲಿ 1971ರಲ್ಲಿ ಉದ್ದನೆಯ ಕೊಳವೆಗಳ ಒಳಗನ್ನು ಶುಚಿ ಮಾಡಲು ಫೆಲಿಸಿಯಾ ಎಂಬ ಫೆರೆಟ್ಟನ್ನೇ ನೇಮಿಸಿಕೊಂಡಿದ್ದರಂತೆ. ಅದು ದಾರ ಕಟ್ಟಿಸಿಕೊಂಡು ಒಂದು ಬಾಯಿಯಿಂದ ಹೊಕ್ಕು ಇನ್ನೊಂದರಿಂದ ಹೊರಬರುತ್ತಿತ್ತು. ಆಮೇಲೆ ಆ ದಾರಕ್ಕೆ ಒರೆಸುವ ಬಟ್ಟೆ ಕಟ್ಟಿ ಎಳೆಯುತ್ತಿದ್ದರು. ಆದರೆ ಮೈಲಿಗಟ್ಟಲೆ ಸುತ್ತುವ ಮುಖ್ಯ ಕೊಳವೆಗೆ ಇಳಿಯೆಂದಾಗ ಒಪ್ಪದೆ, ಚಿಕ್ಕ ಕೊಳವೆಗಳಲ್ಲಿ ಮಾತ್ರ ದುಡಿಯಿತು.

“ನಮ್ಮ ಹುಡುಗನೂ ಹೀಗೆಯೇ. ಎರಡನೆಯ ಅಂತಸ್ತು ಎಂದರೆ ಹೊಟ್ಟೆನೋವು ಎನ್ನುತ್ತಾನೆ” ಎಂದು ಹುಸೇನಸಾಬರು ಫೆಲಿಸಿಯಾಳ ಗುಣವನ್ನು ತಕ್ಷಣ ಗುರುತಿಸಿದರು.

ಕೊಳವೆಯ ಮೇಲಿನ ಈ ಮೋಹಕ್ಕೆ ಸಂಬಂಧಿಸಿದಂತೆ ಶರಣಪ್ಪನವರು ಹೇಳಿದ ಇನ್ನೊಂದು ಸಂಗತಿಯನ್ನು ನಾವು ಮೊದಲು ನಂಬಲಿಲ್ಲ. ಲೀಡ್ಸ್ ಇರುವ ಯಾರ್ಕ್‌ಷೈರ್ ಸೀಮೆಯ ಗಣಿ ಕಾರ್ಮಿಕರಲ್ಲಿ, ಪ್ಯಾಂಟಿನ ಕೆಳತುದಿಗಳನ್ನು ಪಾದದ ಬಳಿ ಬಿಗಿದು ಕಟ್ಟಿ, ಒಳಚಡ್ಡಿಯಿಲ್ಲದೆ, ಎರಡು ಜೀವಂತ ಫೆರೆಟ್ಟುಗಳನ್ನು ಸೊಂಟದಿಂದ ಒಳಗೆ ಇಳಿಬಿಟ್ಟು ಯಾರು ಹೆಚ್ಚು ಹೊತ್ತು ನಿಲ್ಲುತ್ತಾರೆ ಎಂಬ ಸ್ಪರ್ಧೆ ನಡೆಯುತ್ತಿತ್ತಂತೆ. 1981ರಲ್ಲಿ ಒಬ್ಬ ಮಹಾನುಭಾವ 5 ಗಂಟೆ 26 ನಿಮಿಷ ನಿಂತು ದಾಖಲೆ ಮಾಡಿದನಂತೆ. ಈ ಮಾತು ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಎಲ್ಲರೂ ಕಾಲುಗಳನ್ನು ಹತ್ತಿರಕ್ಕೆ ಎಳೆದುಕೊಂಡು ಕುಳಿತರು. ಧೋತರ ಉಡುವ ನಮ್ಮ ಸೀಮೆಗೆ ಆ ಆಟ ಬಾರದಿದ್ದುದು ಹಿರಿಯರ ಪುಣ್ಯ ಎಂದು ಸಾಹುಕಾರರು ಕೊನೆಗೆ ನುಡಿದರು.

ಫೆರೆಟ್ಟಿನ ಸ್ವಭಾವದಲ್ಲಿ ಶರಣಪ್ಪನವರಿಗೆ ತಿಳಿಯಲು ಹೆಚ್ಚು ಕಾಲ ಹಿಡಿದದ್ದು ಅದರ ಕುಣಿತ. ಒಂದು ಸಂಜೆ ‘ತಮ್ಮ’ ಇದ್ದಕ್ಕಿದ್ದಂತೆ ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ, ಬಾಲದ ಕೂದಲನ್ನು ಬಾಟಲಿ ತೊಳೆಯುವ ಬ್ರಷ್ಷಿನಂತೆ ನಿಮಿರಿಸಿ, ಬಾಯಿ ತೆರೆದು, ಅಡ್ಡಡ್ಡಲಾಗಿ ನೆಗೆಯುತ್ತ ಅವರ ಮೇಲೆ ಬಂತು. ಜೊತೆಗೆ ಕಾವಿಗೆ ಕೂತ ಕೋಳಿಯಂತೆ ಕೊಕ್‌ಕೊಕ್ ಎಂಬ ಸದ್ದು. ಅರವತ್ತೆಂಟು ವಯಸ್ಸಿನ ಶರಣಪ್ಪನವರು ಸೋಫಾದ ಮೇಲೆ ಹತ್ತಿ ನಿಂತರು. ಅದು ಗೋಡೆಗೆ ಡಿಕ್ಕಿ ಹೊಡೆದು, ಬಿದ್ದು, ಎದ್ದು, ಮತ್ತೆ ಕುಣಿಯಿತು. ಇದು ಯುದ್ಧವಲ್ಲ, ಆಟಕ್ಕೆ ಕೊಡುವ ಆಹ್ವಾನ ಎಂದು ಮಗ ಹೇಳಿದ ಮೇಲೂ ಅವರು ಒಂದು ವಾರ ಸೋಫಾದಿಂದಲೇ ವ್ಯವಹರಿಸಿದರು. ಅವು ಒಂದನ್ನೊಂದು ಕುತ್ತಿಗೆಗೆ ಕಚ್ಚಿ ಎಳೆದಾಡುವುದೂ ಆಟವೇ. ಅವುಗಳ ಚರ್ಮ ದಪ್ಪ, ನಮ್ಮದು ತೆಳು ಎಂಬುದನ್ನು ಮರಿಯಾಗಿದ್ದಾಗಲೇ ತಾಳ್ಮೆಯಿಂದ ಕಲಿಸಬೇಕು. ಹೊಡೆದರೆ ಹೆದರಿ ಇನ್ನೂ ಜೋರಾಗಿ ಕಚ್ಚುತ್ತವೆ. ಒಂಟಿಯಾಗಿಟ್ಟರೆ ಮಂಕಾಗುತ್ತವೆ ಎಂದೇ ಮಗ ಎರಡನ್ನು ತಂದದ್ದು.

ಊಟದ ವಿಷಯದಲ್ಲಿ ಮಾತ್ರ ಶರಣಪ್ಪನವರ ಅಸಮಾಧಾನ ಇನ್ನೂ ಇಳಿದಿಲ್ಲ. ಮೂವತ್ತು ವರ್ಷ ತಮ್ಮ ಮನೆಯ ನಾಯಿಗಳನ್ನು ಜೋಳದ ರೊಟ್ಟಿ, ಮಜ್ಜಿಗೆಯಲ್ಲೇ ಬೆಳೆಸಿದ ಶಾಕಾಹಾರಿ ಮನುಷ್ಯ ಅವರು. ಫೆರೆಟ್ಟಾದರೋ ಮಾಂಸವಲ್ಲದೆ ಬೇರೇನನ್ನೂ ಜೀರ್ಣಿಸಿಕೊಳ್ಳಲು ಹುಟ್ಟಿದ್ದೇ ಅಲ್ಲ. ಅದರ ಕರುಳು ಎಷ್ಟು ಗಿಡ್ಡವೆಂದರೆ ತಿಂದದ್ದು ಮೂರು ನಾಲ್ಕು ಗಂಟೆಗಳಲ್ಲಿ ಹೊರಬರುತ್ತದೆ, ಆದ್ದರಿಂದ ದಿನವಿಡೀ ಸ್ವಲ್ಪ ಸ್ವಲ್ಪ ತಿನ್ನುತ್ತಲೇ ಇರಬೇಕು. ಮಗನ ಕಣ್ಣು ತಪ್ಪಿಸಿ ಅವರು ಬೆಲ್ಲಳಿಗೆ ಒಣದ್ರಾಕ್ಷಿ ಕೊಡತೊಡಗಿದರು. ಅದಕ್ಕೆ ಅದರ ರುಚಿ ಹತ್ತಿ ಅವರ ಹಿಂದೆ ಸುತ್ತಿದಾಗ, ಪ್ರಾಣಿಗಳು ಒಳ್ಳೆಯ ಮನುಷ್ಯರನ್ನು ಗುರುತಿಸುತ್ತವೆ ಎಂದು ಬೀಗಿದರು. ವಯಸ್ಸಾದ ಫೆರೆಟ್ಟುಗಳಿಗೆ ಮೇದೋಜೀರಕ ಗ್ರಂಥಿಯ ಗಡ್ಡೆ ಬರುವುದು ಬಹಳ ಸಾಮಾನ್ಯವೆಂದೂ, ಸಿಹಿ ಅವುಗಳಿಗೆ ಒಳ್ಳೆಯದಲ್ಲವೆಂದೂ ಸೊಸೆ ತಿಳಿಸಿದ ದಿನ, ಬೆಲ್ಲ ಎಂದು ಹೆಸರಿಟ್ಟು ಸಕ್ಕರೆ ಬೇಡವೆನ್ನುವುದು ಯಾವ ನ್ಯಾಯ ಎಂದು ವಾದಿಸಿ ಸೋತರು.

ವಾಸನೆಗೆ ಅವರು ಕಂಡುಕೊಂಡ ಉಪಾಯವೂ ತಿರುಗಿಬಿತ್ತು. ಫೆರೆಟ್ಟಿನ ಮೈಗೆ ಅದರದೇ ಆದ ಒಂದು ಘಾಟು ಇರುತ್ತದೆ. ವಾರಕ್ಕೆ ಮೂರು ಸಲ ಮೀಯಿಸಿದರೆ ಹೋಗುತ್ತದೆ ಎಂದು ಇವರು ಊರಿನಿಂದ ಒಯ್ದ ಸೀಗೆಪುಡಿಯನ್ನು ತೆಗೆದರು. ತೊಳೆದಷ್ಟೂ ಚರ್ಮ ಒಣಗಿ, ಆ ಕೊರತೆ ತುಂಬಲು ಇನ್ನಷ್ಟು ಎಣ್ಣೆ ಸುರಿಸುತ್ತದೆ, ಘಾಟು ಇರುವುದು ಆ ಎಣ್ಣೆಯಲ್ಲೇ ಎಂಬುದು ಮೂರನೆಯ ಸ್ನಾನದ ಮರುದಿನ ಇಡೀ ಮನೆಗೆ ತಿಳಿಯಿತು.

ಇಷ್ಟರಲ್ಲಿ ನಮ್ಮ ದನದ ಡಾಕ್ಟರು ಬಂದು ಕುಳಿತರು. ಸಾಹುಕಾರರು ಇನ್ನೂ ಆಸೆ ಬಿಡದೆ ಗಂಗಾವತಿಯಲ್ಲಿ ಫೆರೆಟ್ಟು ಬದುಕುತ್ತದೆಯೇ ಎಂದು ಕೇಳಿದರು. “ಉಷ್ಣತೆ 30 ಡಿಗ್ರಿ ದಾಟಿದರೆ ಅದಕ್ಕೆ ಸಂಕಟ ಶುರುವಾಗುತ್ತದೆ. ಮೈ ತಂಪಾಗಿಸುವಷ್ಟು ಬೆವರುವ ಶಕ್ತಿ ಅದಕ್ಕಿಲ್ಲ. ನಮ್ಮಲ್ಲಿ ಏಪ್ರಿಲ್ಲಿನಲ್ಲಿ 40 ದಾಟುತ್ತದೆ. ನೀವು ಗೋದಾಮಿಗೆ ಎಸಿ ಹಾಕಿಸಿದರೆ ಬದುಕೀತು, ಆದರೆ ಆ ತಂಪಿಗೆ ಇಲಿಗಳೂ ಸುಖವಾಗಿ ಸಂಸಾರ ಮಾಡುತ್ತವೆ” ಎಂದರು ಡಾಕ್ಟರು. ನಾಯಿಗಳಿಗೆ ಬರುವ ಡಿಸ್ಟೆಂಪರ್ ರೋಗ ತಗುಲಿದರೆ ಫೆರೆಟ್ಟು ಉಳಿಯುವುದೇ ಅಪರೂಪ. ಹೆಣ್ಣು ಬೆದೆಗೆ ಬಂದು ಗಂಡಿನೊಡನೆ ಕೂಡದೆ ಹೋದರೆ ಬೆದೆ ಇಳಿಯದೆ ರಕ್ತಹೀನತೆಯಿಂದ ಸಾಯಲೂಬಹುದು, ಆದ್ದರಿಂದ ಮರಿ ಬೇಡದವರು ಶಸ್ತ್ರಚಿಕಿತ್ಸೆ ಮಾಡಿಸುತ್ತಾರೆ ಎಂದೂ ಹೇಳಿದರು. ಹಾಗಾದರೆ ನಮ್ಮೂರ ಮುಂಗುಸಿಯನ್ನೇ ಹಿಡಿದು ಸಾಕಿದರಾಯಿತು ಎಂದು ಸಾಹುಕಾರರು ಹೊರಳಿದಾಗ, ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಕಾಡುಪ್ರಾಣಿ, ಅದರ ಕೂದಲಿನ ಬ್ರಷ್ಷು ಮಾರಿದವರನ್ನೂ ಬಂಧಿಸುತ್ತಾರೆ ಎಂದು ಡಾಕ್ಟರು ಆ ಬಾಗಿಲನ್ನೂ ಮುಚ್ಚಿದರು.

ಮನುಷ್ಯರ ಫ್ಲೂ ಜ್ವರವೂ ಫೆರೆಟ್ಟಿಗೆ ಅಂಟುತ್ತದೆಯಂತೆ ಎಂದು ಶರಣಪ್ಪನವರು ದೂರಿದರು. ತಮಗೆ ಜ್ವರ ಬಂದಾಗ ಮಗ ತಮ್ಮನ್ನು ಕೇಳುವ ಮೊದಲು ಬೆಲ್ಲಳನ್ನು ಬೇರೆ ಕೋಣೆಗೆ ಸಾಗಿಸಿದನಂತೆ. ಮಗನದು ತಪ್ಪಲ್ಲ ಎಂದರು ಮಾಸ್ತರು. 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ಮನುಷ್ಯರ ಫ್ಲೂ ಜ್ವರಕ್ಕೆ ವೈರಸ್ಸೇ ಕಾರಣವೆಂದು ತೋರಿಸಿದ್ದು ಫೆರೆಟ್ಟುಗಳ ಸಹಾಯದಿಂದಲೇ. ಆ ಪ್ರಯೋಗದಲ್ಲಿ ಒಂದು ಫೆರೆಟ್ಟು ವಿಜ್ಞಾನಿಯ ಮುಖಕ್ಕೇ ಸೀನಿ ಅವರಿಗೆ ಜ್ವರವನ್ನು ಮರಳಿಸಿತ್ತು.

“ಅದು ಮರಳಿಸಿದ್ದು ಅದೊಂದನ್ನೇ ಇರಬೇಕು” ಎಂದು ಶರಣಪ್ಪನವರು ಕೊನೆಗೂ ಕಳ್ಳತನಕ್ಕೆ ಬಂದರು. ಕಾಲುಚೀಲ, ಬೀಗದ ಕೈ, ರಿಮೋಟು, ಒಂದು ಇಡೀ ಆಲೂಗಡ್ಡೆ, ಹೀಗೆ ಸಿಕ್ಕಿದ್ದನ್ನೆಲ್ಲ ಹಲ್ಲಿನಲ್ಲಿ ಕಚ್ಚಿ ಹಿಮ್ಮುಖವಾಗಿ ಎಳೆದುಕೊಂಡು ಹೋಗಿ ಯಾವುದೋ ಮೂಲೆಯಲ್ಲಿ ಕೂಡಿಡುವುದು ಅವುಗಳ ಹುಟ್ಟುಗುಣ. ಕಾಡಿನಲ್ಲಿ ಆಹಾರ ಬಚ್ಚಿಡುತ್ತಿದ್ದ ಪೂರ್ವಜರ ಚಾಳಿ ಅದು. ರಬ್ಬರು ಮಾತ್ರ ಕೈಗೆ ಸಿಗಬಾರದು. ನುಂಗಿದರೆ ಕರುಳು ಕಟ್ಟುತ್ತದೆ.

“ಇದೆಲ್ಲ ಸರಿ. ಆದರೆ ನನ್ನ ಚಂಚಿ ಹೋದದ್ದು ಫೆರೆಟ್ಟಿನಿಂದಲ್ಲ” ಎಂದು ಅವರು ದನಿ ತಗ್ಗಿಸಿದರು. ಎಲೆ ಅಡಿಕೆ ಹಾಕಿಡುವ ಕೆಂಪು ಬಟ್ಟೆಯ ಆ ಚಂಚಿ ಅವರ ತಂದೆಯ ಕಾಲದ್ದು. ಲೀಡ್ಸಿಗೆ ಹೋದ ನಾಲ್ಕನೆಯ ದಿನ ಅದು ಕಾಣೆಯಾಯಿತು. ಎಲೆ ಅಡಿಕೆ ಜಗಿಯುವುದು ಸೊಸೆಗೆ ಸೇರದು. ಆದರೂ ಹಿರಿಯರ ವಸ್ತುವನ್ನು ಕಸದ ಡಬ್ಬಿಗೆ ಹಾಕಬಾರದಿತ್ತು. ತಾವು ದೊಡ್ಡವರು, ಮಾತಾಡಲಿಲ್ಲ, ಅಷ್ಟೇ. ಬರುವಾಗ ವಿಮಾನ ನಿಲ್ದಾಣದಲ್ಲಿ ಕೂಡ ಅವಳಿಗೆ ‘ಹೂಂ’ ಎಂದಷ್ಟೇ ಹೇಳಿ ಬಂದೆ ಎಂದರು.

ನಾವು ಮರುಕಪಡುತ್ತಿದ್ದಾಗಲೇ ಅವರ ಮೊಬೈಲು ಗುಂಯ್‌ಗುಟ್ಟಿತು. ಇಲ್ಲಿ ಸಂಜೆ ಐದೂವರೆ, ಅಲ್ಲಿ ಮಧ್ಯಾಹ್ನ ಒಂದು ಗಂಟೆ. ಪರದೆಯ ಮೇಲೆ ಸೊಸೆ ಇದ್ದಳು. ಆರು ತಲೆಗಳು ಒಂದು ಫೋನಿನ ಮೇಲೆ ಬಾಗಿದವು. “ಮಾವಾರೇ, ಇವತ್ತು ಸೋಫಾ ಮಾರೋದಿತ್ತು, ಎತ್ತಿ ಸರಿಸಿದ್ವಿ. ಕೆಳಗ ಏನೇನು ಕೂಡಿಟ್ಟಾವ ನೋಡ್ರಿ” ಎಂದು ಅವಳು ಕ್ಯಾಮೆರಾವನ್ನು ನೆಲದತ್ತ ತಿರುಗಿಸಿದಳು. ಏಳೆಂಟು ಕಾಲುಚೀಲಗಳು, ಒಂದು ಸುಕ್ಕುಗಟ್ಟಿದ ಆಲೂಗಡ್ಡೆ, ಎರಡು ಚಮಚ, ಅವುಗಳ ನಡುವೆ ತಲೆದಿಂಬಿನಂತೆ ಒಂದು ಕೆಂಪು ಚಂಚಿ. ಅದರ ಮೇಲೆ ಬಾಯಿ ತೆರೆದು, ನಾಲಿಗೆ ಚಾಚಿ, ಬೆಲ್ಲ ಸತ್ತಂತೆ ಮಲಗಿತ್ತು.

ಮಂಡಳಿಯಲ್ಲಿ ಯಾರೂ ಶರಣಪ್ಪನವರ ಮುಖ ನೋಡಲಿಲ್ಲ. ಮಾಸ್ತರು ತಟ್ಟೆಯಲ್ಲಿ ಆರಿಹೋಗಿದ್ದ ತಮ್ಮ ಮಿರ್ಚಿಯನ್ನು ಬಹಳ ಶ್ರದ್ಧೆಯಿಂದ ಮುರಿದರು.

“ತೊಗೋಬ್ಯಾಡವಾ, ಇರಲಿ. ಅದನ್ನ ಎಬ್ಬಿಸಬ್ಯಾಡ” ಎಂದರು ಶರಣಪ್ಪನವರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಗಂಟಲು ಸರಿಪಡಿಸಿಕೊಂಡು, “ಮತ್ತ ಆ ಗಿಡ ಹೆಂಗೈತಿ? ಗುಲಾಬಿ ನಡುವ ಹಚ್ಚಿದ್ದು?” ಎಂದು ಕೇಳಿದರು.